ಮೊದಲು ಸಾ, ಆಮೇಲೆ ಪೇಟಿ: ಮೊದಲ ವಾದ್ಯ ಆರಿಸೋದು, ತಾನೇ ಕಲಿಯೋದು

ವಿಡಿಯೋದಲ್ಲಿ ಪೇಟಿ ಮುಂದಿಟ್ಟುಕೊಂಡು ಬೆರಳಿಂದ ತೋರಿಸಿದ್ದನ್ನ ಇಲ್ಲಿ ಬರೆದು ಹೇಳಬೇಕಾಗಿದೆ, ಹಾಗಾಗಿ ಕೆಲವು ಕಡೆ ಇನ್ನೂ ಸ್ವಲ್ಪ ಬಿಡಿಸಿ ಹೇಳಿದ್ದೀನಿ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನಾನು ಸಂಗೀತಗಾರ ಅಲ್ಲ. ಎಂಟೆಕ್ ಮುಗಿಸಿ ಪುಣೆಗೆ ಬಂದು ಸಾಫ್ಟ್‌ವೇರ್ ಕೆಲಸ ಮಾಡ್ತಾ ಇರೋನು, ಮೂವತ್ತು ದಾಟಿದ ಮೇಲೆ ವಾದ್ಯ ಮುಟ್ಟಿದವನು. ಹಾಗಾಗಿ ಇದು ಗುರುಗಳ ಪಾಠ ಅಲ್ಲ. ನಾಲ್ಕು ತಪ್ಪು ಮಾಡಿ ತಿದ್ದಿಕೊಂಡವನ ಲೆಕ್ಕ ಅಷ್ಟೇ.

ಮೊದಲನೇ ತಪ್ಪು ಗಿಟಾರ್. ಆಫೀಸಲ್ಲಿ ಒಬ್ಬ ಚೆನ್ನಾಗಿ ನುಡಿಸ್ತಿದ್ದ, ನೋಡಿ ಆಸೆಯಾಯ್ತು, ಅದೇ ವಾರ ತಗೊಂಡೆ. ಸ್ಟೀಲ್ ತಂತಿ ಒತ್ತಿ ಒತ್ತಿ ಬೆರಳ ತುದಿ ಉರಿದವು. ಆದರೆ ನೋವಿನಿಂದ ಬಿಟ್ಟೆ ಅಂದ್ರೆ ಸುಳ್ಳು. ಮೂರು ತಿಂಗಳಾದ ಮೇಲೆ ನನಗೆ ನಾಲ್ಕು ಕಾರ್ಡ್ ಬರ್ತಿತ್ತು, ಆದರೆ ನನ್ನ ತಲೆಯಲ್ಲಿ ಓಡೋ ಹಾಡು ಒಂದೂ ಅದರಲ್ಲಿ ಕೂರ್ತಿರಲಿಲ್ಲ. ನಾನು ಬೆಳೆದದ್ದು ಧಾರವಾಡದಲ್ಲಿ, ದಾಸರ ಪದ, ಭಾವಗೀತೆ, ರೇಡಿಯೋದಲ್ಲಿ ಬರ್ತಿದ್ದ ಖ್ಯಾಲು ಕೇಳ್ಕೊಂಡು. ಅವೆಲ್ಲ ಒಂದೇ ಎಳೆಯಾಗಿ ಸಾಗೋ ರಾಗದ ನಡೆ. ಶುರುವಿನವನಿಗೆ ಗಿಟಾರ್ ಕಲಿಸೋದು ಒಟ್ಟಿಗೆ ನಾಲ್ಕಾರು ಸ್ವರ ಮೀಟೋ ಕಾರ್ಡು. ಗಿಟಾರಿನ ತಪ್ಪಿಲ್ಲ, ಹೊಂದಾಣಿಕೆ ಇರಲಿಲ್ಲ. ಊರಿಂದ ಬಂದಾಗ ಅಪ್ಪ ಅದರ ಕತ್ತಿಗೆ ತೂಗುಹಾಕಿದ್ದ ಟವೆಲ್ ನೋಡಿ, "ಛಲೋ ಆತು ಬಿಡು, ಗೂಟಾ ತರೋ ರೊಕ್ಕಾ ಉಳೀತು" ಅಂದ್ರು.

ಅದಕ್ಕೇ "ಯಾವ ವಾದ್ಯ ಸುಲಭ?" ಅಂತ ಯಾರಾದ್ರೂ ಕೇಳಿದ್ರೆ ನಾನು ತಿರುಗಿ ಕೇಳೋದು, "ನೀವು ಸ್ನಾನ ಮಾಡುವಾಗ ಏನು ಗುನುಗ್ತೀರಿ?" ಅಂತ. ಇಂಗ್ಲಿಷ್, ಹಿಂದಿ ಸಿನಿಮಾ ಹಾಡು ಗೆಳೆಯರ ಜೊತೆ ಕೂತು ಹಾಡೋದು ನಿಮಗೆ ಇಷ್ಟ ಅಂದ್ರೆ ಗಿಟಾರೇ ಸರಿ. ಕೊಳಲು ಅಗ್ಗ, ಬ್ಯಾಗಲ್ಲಿ ಹಿಡಿಯುತ್ತೆ, ಆದರೆ ಮೊದಲ ಶುದ್ಧ ನಾದ ಹೊರಡೋಕೇ ವಾರಗಟ್ಟಲೆ ಬೇಕಾಗಬಹುದು. ದೊಡ್ಡ ಬಾನ್ಸುರಿ ತಗೊಂಡರಂತೂ ಬೆರಳು ತೂತು ಮುಚ್ಚೋದೇ ಇಲ್ಲ, ಗಾಳಿ ಸೋರುತ್ತೆ. ತಬಲಾ ಒಬ್ಬರೇ ಕಲಿಯೋಕೆ ಹೋಗಬೇಡಿ. ಕೈ ಇಡೋ ರೀತಿ ತಪ್ಪಿದ್ರೆ ಬೋಲು ಹೊರಡಲ್ಲ, ಅದನ್ನ ಪಕ್ಕದಲ್ಲಿ ಕೂತವರೇ ತಿದ್ದಬೇಕು. ಸಿತಾರ್ ಆಸೆ ಇದ್ದವರು ಒಂದು ಸಲ ಮೀರಜ್‌ಗೆ ಹೋಗಿ ಬನ್ನಿ. ಪುಣೆಯಿಂದ ಬೆಳಗಾವಿಗೆ ಹೋಗೋ ರೈಲು ದಾರಿಯಲ್ಲೇ ಇದೆ. ಅಲ್ಲಿ ಒಣಗಿದ ದೊಡ್ಡ ಕುಂಬಳದ ಬುರುಡೆಗಳನ್ನ ಸಾಲಾಗಿ ತೂಗುಹಾಕಿ ಸಿತಾರು, ತಂಬೂರಿ ಮಾಡ್ತಾರೆ. 2024ರಲ್ಲಿ ಮೀರಜ್‌ನ ಸಿತಾರ್ ಮತ್ತು ತಂಬೂರಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು. ನೋಡೋಕೆ ಹೋಗಿ ಅಂದೆ, ಮೊದಲ ವಾದ್ಯವಾಗಿ ತಗೊಳ್ಳೋಕೆ ಅಲ್ಲ.

ನಾನು ಕೊನೆಗೆ ಬಂದು ನಿಂತದ್ದು ಹಾರ್ಮೋನಿಯಂ ಹತ್ತಿರ. ನಮ್ಮ ಕಡೆಗೂ, ಇಲ್ಲಿ ಮರಾಠಿಯವರಲ್ಲೂ ಅದು ಪೇಟಿ. ಒತ್ತಿದ ಕೂಡಲೇ ಸ್ವರ ಸಿಗುತ್ತೆ, ಹಾಡಿನ ಜೊತೆ ಹೋಗುತ್ತೆ, ಶ್ರುತಿ ದಿನಾ ಕೂಡಿಸೋ ಕೆಲಸ ಇಲ್ಲ. ಪ್ಯಾರಿಸ್‌ನ ಅಲೆಕ್ಸಾಂಡರ್ ದೆಬೈನ್ ಹಾರ್ಮೋನಿಯಂ ಹೆಸರಲ್ಲಿ ಪೇಟೆಂಟ್ ತಗೊಂಡಿದ್ದು 1842ರಲ್ಲಿ, ಅದು ಕುರ್ಚಿ ಮೇಲೆ ಕೂತು ಕಾಲಲ್ಲಿ ತುಳಿಯೋ ವಾದ್ಯ. ಅದನ್ನ ನೆಲದ ಮೇಲೆ ಕೂತು ಒಂದು ಕೈಯಲ್ಲಿ ತಿದಿ ಒತ್ತಿ ಇನ್ನೊಂದು ಕೈಯಲ್ಲಿ ನುಡಿಸೋ ಹಾಗೆ ಮಾಡಿದ್ದು ಕಲ್ಕತ್ತದ ದ್ವಾರಕಾನಾಥ ಘೋಷ್. ಆದರೂ ಆಕಾಶವಾಣಿ 1940ರಿಂದ 1971ರವರೆಗೆ ಇದಕ್ಕೆ ಬಹಿಷ್ಕಾರ ಹಾಕಿತ್ತು, ನಮ್ಮ ಸಂಗೀತಕ್ಕೆ ಹೊಂದಲ್ಲ ಅಂತ. ಅದೇ ಕಾಲದಲ್ಲಿ ಬೆಳಗಾವಿಯ ರಾಂಭಾವ್ ಬಿಜಾಪುರೆ (1917–2010) ಅವರು ದೊಡ್ಡ ದೊಡ್ಡ ಗಾಯಕರಿಗೆ ಇದೇ ಪೇಟಿಯಲ್ಲಿ ಸಾಥ್ ಕೊಡ್ತಾ ಇದ್ರು. ಪುಣೆಯ ಅರವಿಂದ ಥತ್ತೆ ಅವರ ವಾದನ ಕೇಳಿ, ಅವರು ಗಣಿತದಲ್ಲಿ ಪಿಎಚ್‌ಡಿ ಮಾಡಿದವರು ಅಂತ ತಿಳಿದಾಗ ನನ್ನಂಥವರಿಗೆ ಆದ ಖುಷಿ ಬೇರೆ.

ಕೊಳ್ಳುವಾಗ ನೋಡಬೇಕಾದ್ದು ಹೆಚ್ಚಿಲ್ಲ. ಮೂರು ಸಪ್ತಕದ ಪೇಟಿಯಲ್ಲಿ 37 ಕೀ, ಮೂರೂವರೆಯದಾದ್ರೆ 42. ಎರಡೂ ನಡೆಯುತ್ತೆ. ತಿದಿ ತುಂಬಾ ಗಾಳಿ ತುಂಬಿಸಿ, ಯಾವ ಕೀಯನ್ನೂ ಒತ್ತದೆ ಸುಮ್ಮನೆ ನೋಡಿ. ಕೂಡಲೇ ಇಳಿದುಹೋದ್ರೆ ಎಲ್ಲೋ ಸೋರ್ತಿದೆ. ಒತ್ತದೇನೇ ಯಾವುದಾದ್ರೂ ಸ್ವರ ಕುಂಯ್ ಅಂತಿದ್ರೆ ಬೇಡ. ಪ್ರತಿ ಕೀಯನ್ನೂ ತೀರಾ ಮೆಲ್ಲಗೆ ಗಾಳಿ ಕೊಟ್ಟು ಒತ್ತಿ, ಎಲ್ಲವೂ ಒಂದೇ ಹೊತ್ತಿಗೆ ಬಾಯಿ ಬಿಡಬೇಕು. ಅಂಗಡಿಯವರು ಗುಜರಾತಿನ ಪಾಲಿತಾಣಾ ರೀಡು, ಜರ್ಮನ್ ರೀಡು ಅಂತೆಲ್ಲ ಹೇಳ್ತಾರೆ. ಶುರುವಿನವರ ಕಿವಿಗೆ ಆ ವ್ಯತ್ಯಾಸ ತಿಳಿಯೋಕೆ ಇನ್ನೂ ಕಾಲ ಇದೆ. ಸ್ಕೇಲ್ ಚೇಂಜರ್ ಇರೋದು ದುಬಾರಿ, ಭಾರ, ಕೆಟ್ಟರೆ ರಿಪೇರಿ ಕಷ್ಟ. ಅದು ಯಾಕೆ ಬೇಡ ಅನ್ನೋದಕ್ಕೆ ಇನ್ನೊಂದು ಕಾರಣ ಮುಂದೆ ಬರುತ್ತೆ. ಮತ್ತೆ ಪುಣೆಯ ಮಳೆಗಾಲದಲ್ಲಿ ಮರ ಉಬ್ಬಿ ಕೀ ಅಂಟಿಕೊಳ್ಳುತ್ತೆ, ನೆಲದ ಮೇಲೆ ಬಿಡಬೇಡಿ.

ಈಗ ಎರಡನೇ ತಪ್ಪು. ಇದು ಗಿಟಾರ್‌ಗಿಂತ ದೊಡ್ಡದು.

ವಿಡಿಯೋಗಳಲ್ಲಿ, ಆ್ಯಪ್‌ಗಳಲ್ಲಿ ಹೆಚ್ಚಾಗಿ ಬಿಳಿ ಒಂದನ್ನ ಸಾ ಅಂತ ಹಿಡಿದು ಶುರು ಮಾಡ್ತಾರೆ, ಯಾಕಂದ್ರೆ ಸರಿಗಮಪದನಿ ಎಲ್ಲ ಬಿಳಿ ಕೀಯಲ್ಲೇ ಸಾಲಾಗಿ ಸಿಗುತ್ತೆ. ನಾನೂ ಎಂಟು ತಿಂಗಳು ಅದನ್ನೇ ತಿಕ್ಕಿದೆ. ಅಲಂಕಾರ ಬಂತು, ಎರಡು ಪದ ಬಂತು. ಆ ವರ್ಷ ಗಣಪತಿ ಹಬ್ಬಕ್ಕೆ ಅವ್ವ ಬಂದಿದ್ದಳು. ಸೊಸೈಟಿಯ ಮಂಟಪದಲ್ಲಿ ಸಂಜೆ ಹಾಡು, ನಾಟಕ ಇರ್ತಾವೆ. ಅವ್ವ ಪುರಂದರದಾಸರ ಒಂದು ಪದ ಹಾಡೋದು, ನಾನು ಪೇಟಿ ಅಂತ ಹೆಸರು ಕೊಟ್ಟುಬಿಟ್ಟೆ. ಮನೆಯಲ್ಲಿ ಒಂದು ಸಲ ಕೂತು ನೋಡಬೇಕು ಅಂತಲೂ ಅನ್ನಿಸಲಿಲ್ಲ. ಇಬ್ಬರಿಗೂ ಆ ಪದ ಬರುತ್ತಲ್ಲ!

ಅವ್ವ ತನ್ನ ಪಾಡಿಗೆ ಎತ್ತಿಕೊಂಡಳು. ಅವಳ ಸಾ ನನ್ನ ಪೇಟಿಯಲ್ಲಿ ಎಲ್ಲಿದೆ ಅಂತಲೇ ನನಗೆ ಸಿಗಲಿಲ್ಲ. ಮೈಕ್ ಮುಂದೇನೇ ಪಿಸುಗುಟ್ಟಿದೆ, "ಅವ್ವಾ, ಇದರಾಗ ಹಾಡು," ಅಂತ ಬಿಳಿ ಒಂದು ಒತ್ತಿ. ಅವಳು ತನ್ನ ಪಟ್ಟಿ ಬಿಟ್ಟು ಅದಕ್ಕೆ ಏರಿದಳು. ಪಲ್ಲವಿ ಹೇಗೋ ಹೋಯ್ತು. ಚರಣದಲ್ಲಿ ತಾರ ಷಡ್ಜಕ್ಕೆ ಬಂದಾಗ ಧ್ವನಿ ಒಡೆದುಹೋಯ್ತು. ನಿಲ್ಲಿಸಿ, ನಕ್ಕು, "ಯಾಕೋ ಗಂಟಲಾ ಇವತ್ತ ಸರಿ ಇಲ್ಲ" ಅಂತ ಎಲ್ಲರಿಗೂ ಹೇಳಿ ಎದ್ದುಬಿಟ್ಟಳು. ಗಂಟಲು ಸರಿಯಾಗೇ ಇತ್ತು. ಬೆಳಿಗ್ಗೆ ಅಡುಗೆಮನೆಯಲ್ಲಿ ಅದೇ ಪದವನ್ನ ಪೂರ್ತಿ ಹಾಡಿದ್ದನ್ನ ನಾನೇ ಕೇಳಿದ್ದೆ. ಆಮೇಲೆ ಊರಿಗೆ ಹೋಗೋವರೆಗೂ ಅವಳು ಹಾಡಲಿಲ್ಲ.

ಆದದ್ದು ಇಷ್ಟೇ. ಪ್ರತಿಯೊಬ್ಬರ ಗಂಟಲಿಗೂ ಒಂದು ಸಾ ಇರುತ್ತೆ. ಇಲ್ಲಿ ಅದಕ್ಕೆ ಪಟ್ಟಿ ಅಂತಾರೆ: ಕಾಳಿ ಏಕ್, ಪಾಂಢರಿ ಪಾಚ್, ಅಂದ್ರೆ ಕಪ್ಪು ಒಂದು, ಬಿಳಿ ಐದು ಅಂತ. ಅದನ್ನ ಹುಡುಕೋ ರೀತಿ ಹೀಗೆ. ಎದ್ದ ಕೂಡಲೇ ಬೇಡ, ಗಂಟಲು ಭಾರ ಇರುತ್ತೆ. ಸಂಜೆ ಕೂತು, ನಿಮಗೆ ಸ್ಪಷ್ಟವಾಗಿ ಹೊರಡೋ ಎಲ್ಲಕ್ಕಿಂತ ಕೆಳಗಿನ ಸ್ವರ ಹಾಡಿ, ಪೇಟಿಯಲ್ಲಿ ಅದು ಯಾವ ಕೀ ಅಂತ ಹುಡುಕಿ. ಅದನ್ನ ಮಂದ್ರ ಪಂಚಮ ಅಂತ ಇಟ್ಕೊಳ್ಳಿ. ಅಲ್ಲಿಂದ ಬಲಕ್ಕೆ, ಕಪ್ಪು ಬಿಳಿ ಎರಡನ್ನೂ ಎಣಿಸ್ತಾ, ಐದನೇ ಕೀ ನಿಮ್ಮ ಸಾ. ಈಗ ಆ ಸಾ ಇಂದ ತಾರ ಗಾಂಧಾರದವರೆಗೆ ಹಾಡಿ ನೋಡಿ. ಕಿರುಚಿದಂತಾದ್ರೆ ಒಂದು ಕೀ ಕೆಳಗಿಳಿಸಿ. ನನ್ನ ಕೆಳಗಿನ ಸ್ವರ ಕಪ್ಪು ನಾಲ್ಕು, ಹಾಗಾಗಿ ನನ್ನ ಸಾ ಕಪ್ಪು ಒಂದು. ಅವ್ವನದನ್ನ ಫೋನಲ್ಲೇ ಹಾಡಿಸಿ ಹುಡುಕಿದೆ: ಕೆಳಗೆ ಬಿಳಿ ಎರಡು, ಸಾ ಬಿಳಿ ಐದು. ನಾನು ಅವಳನ್ನ ಐದು ಕೀ ಮೇಲಕ್ಕೆ ಎಳೆದಿದ್ದೆ.

ಅಂದ್ರೆ ನನ್ನ ಎಂಟು ತಿಂಗಳ ಬೆರಳಿನ ಅಭ್ಯಾಸ ನನಗೂ ಸರಿಯಿರಲಿಲ್ಲ, ಅವಳಿಗೂ ಇರಲಿಲ್ಲ. ಬಿಳಿ ಐದರಲ್ಲಿ ಬೆರಳು ಬಿಳಿ ಒಂದರ ಹಾಗೇ ಹೋಗುತ್ತೆ: ಹೆಬ್ಬೆರಳು, ತೋರು, ನಡು, ಮತ್ತೆ ಹೆಬ್ಬೆರಳನ್ನ ಕೆಳಗಿಂದ ತಂದು ಮಧ್ಯಮಕ್ಕೆ. ನಿಷಾದ ಮಾತ್ರ ಕಪ್ಪು ಕೀಗೆ ಹೋಗುತ್ತೆ. ಆದರೆ ಕಪ್ಪು ಒಂದರಲ್ಲಿ ಹೆಬ್ಬೆರಳಿಂದ ಶುರು ಮಾಡಿದ್ರೆ ಕೈ ತಿರುಚಿಕೊಳ್ಳುತ್ತೆ. ಅಲ್ಲಿ ಸಾಗೆ ತೋರು, ರಿಗೆ ನಡು, ಗಾಗೆ ಹೆಬ್ಬೆರಳು, ಮ ಪ ದಕ್ಕೆ ತೋರು ನಡು ಉಂಗುರ, ನಿಗೆ ಮತ್ತೆ ಹೆಬ್ಬೆರಳು. ಸ್ಕೇಲ್ ಚೇಂಜರ್ ಇದ್ರೆ ಈ ಕಷ್ಟ ಇಲ್ಲ ಅಂತೀರಿ. ನಿಜ, ಬೆರಳು ಅದೇ ಇಟ್ಟು ಪಟ್ಟಿ ಸರಿಸಬಹುದು. ಆದರೆ ಆಗ ಸ್ವರಗಳ ನಡುವಿನ ಅಂತರ ತಲೆಗೆ ಹೋಗಲ್ಲ, ಬರೀ ಕೀಗಳ ಜಾಗ ಹೋಗುತ್ತೆ.

ಅಂತರದ ಮೇಲೆ ಒಂದು ಆಟ ಹೇಳ್ತೀನಿ, ವಿಡಿಯೋ ನೋಡಿದವರು ಇದನ್ನೇ ಹೆಚ್ಚು ಮೆಚ್ಚಿದ್ದು. ಬಿಳಿ ಕೀ ಮರೆತುಬಿಡಿ, ಐದು ಕಪ್ಪು ಮಾತ್ರ. ಕಪ್ಪು ಮೂರನ್ನ ಸಾ ಮಾಡಿಕೊಂಡು ಕಪ್ಪುಗಳ ಮೇಲೇ ಏರಿ: ಸ ರಿ ಗ ಪ ದ. ಅದು ಭೂಪ್ ರಾಗದ ಸ್ವರ, ಕರ್ನಾಟಕ ಸಂಗೀತದವರಿಗೆ ಮೋಹನ. ಅದೇ ಐದು ಕೀ, ಸಾ ಮಾತ್ರ ಕಪ್ಪು ನಾಲ್ಕಕ್ಕೆ ಸರಿಸಿ, ಮೇಘ್ ಆಯ್ತು, ಅಂದ್ರೆ ಮಧ್ಯಮಾವತಿಯ ಸ್ವರ. ಕಪ್ಪು ಐದರಿಂದ ಮಾಲಕೌಂಸ್, ನಮ್ಮ ಹಿಂದೋಳ. ಕಪ್ಪು ಒಂದರಿಂದ ದುರ್ಗಾ. ಕಪ್ಪು ಎರಡರಿಂದ ಧಾನಿ. ಕೀಗಳು ಬದಲಾಗಲಿಲ್ಲ, ಎಲ್ಲಿಂದ ಎಣಿಸ್ತೀರಿ ಅನ್ನೋದು ಬದಲಾಯ್ತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಒಂದೇ ಅರೇ, ಶುರುವಿನ ಇಂಡೆಕ್ಸ್ ಬೇರೆ. ಇಷ್ಟಕ್ಕೇ ರಾಗ ಬಂತು ಅಂತ ತಿಳಿಯಬೇಡಿ, ಸ್ವರಗಳು ಬಂದವು ಅಷ್ಟೇ. ಆದರೆ ಸಾ ಅನ್ನೋದು ಕೀ ಅಲ್ಲ, ಒಂದು ಒಪ್ಪಂದ ಅನ್ನೋದು ನನಗೆ ಬೆರಳಿಗೆ ತಿಳಿದದ್ದು ಇದರಿಂದ.

ಒಬ್ಬರೇ ಕಲಿಯುವಾಗಿನ ಮುಖ್ಯ ತೊಂದರೆ ಏನು ಗೊತ್ತಾ? ತಪ್ಪಾದ್ರೆ ಹೇಳೋರು ಇಲ್ಲ. ಕೋಡ್ ತಪ್ಪಿದ್ರೆ ಕಂಪೈಲರ್ ಬೈಯುತ್ತೆ. ಪೇಟಿ ಬೈಯಲ್ಲ. ಅದಕ್ಕಿಂತ ಕೆಟ್ಟದ್ದು, ಸಿದ್ಧ ಸ್ವರ ಕೊಟ್ಟು ಕಿವಿಯನ್ನ ಸೋಮಾರಿ ಮಾಡುತ್ತೆ. ಅದಕ್ಕೆ ನಾನು ಮಾಡೋದು: ತಂಬೂರಿ ಆ್ಯಪ್ ಹಚ್ಚಿ, ಮುಂದಿನ ಸ್ವರವನ್ನ ಮೊದಲು ಬಾಯಲ್ಲಿ ಹಾಡ್ತೀನಿ, ಆಮೇಲೆ ಕೀ ಒತ್ತಿ ಸರಿಯಿದೆಯಾ ಅಂತ ನೋಡ್ತೀನಿ. ಮೊದಲು ಒತ್ತಿ ಆಮೇಲೆ ಹಾಡಿದ್ರೆ ಅದು ನಕಲು. ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ಭಾನುವಾರ ಮೂರು ಗಂಟೆ ಕೂತು ಉಪಯೋಗ ಇಲ್ಲ.

ಹೀಗೆ ಮಾಡ್ತಾ ಇದ್ರೆ ಒಂದು ದಿನ ನಿಮಗೂ ಅನುಮಾನ ಬರುತ್ತೆ: ತಂಬೂರಿ ಜೊತೆ ಪೇಟಿಯ ಗಾಂಧಾರ ಯಾಕೋ ಚುಚ್ಚುತ್ತಲ್ಲ? ನಿಮ್ಮ ಕಿವಿ ಸರಿ ಇದೆ. ಸಾ 240 ಹರ್ಟ್ಸ್ ಇದ್ರೆ ತಂಬೂರಿಯೊಳಗಿಂದ ಕೇಳೋ ಗಾಂಧಾರದ ಲೆಕ್ಕ ನಾಲ್ಕಕ್ಕೆ ಐದು, ಅಂದ್ರೆ 300. ಪೇಟಿಯಲ್ಲಿ ಸಪ್ತಕವನ್ನ ಹನ್ನೆರಡು ಸಮಪಾಲು ಮಾಡಿರೋದ್ರಿಂದ ಅದು ಸುಮಾರು 302.4. ಪಂಚಮ ಮಾತ್ರ 360ರ ಬದಲು 359.6, ಅದು ಕಿವಿಗೆ ತಾಗಲ್ಲ. ಆಕಾಶವಾಣಿಯವರ ಹಳೇ ಆಕ್ಷೇಪದಲ್ಲಿ ಈ ಮಾತೂ ಇತ್ತು. ಅದಕ್ಕೂ ಮೊದಲೇ, 1910ರಲ್ಲಿ, ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲ್ 22 ಶ್ರುತಿಗಳ ಮೇಲೆ ಪುಣೆಯಲ್ಲಿ ಪುಸ್ತಕ ತಂದರು. ಕ್ಲೆಮೆಂಟ್ಸ್ ಅನ್ನೋ ಬ್ರಿಟಿಷ್ ನ್ಯಾಯಾಧೀಶರ ಜೊತೆ ಸೇರಿ ಶ್ರುತಿ ಹಾರ್ಮೋನಿಯಂ ಕೂಡ ಮಾಡಿಸಿದರು. ನಮಗೆ ಸದ್ಯಕ್ಕೆ ಬೇಕಾದ್ದು ಇಷ್ಟು: ಗಾಂಧಾರವನ್ನ ತಂಬೂರಿಗೆ ಕೂಡಿಸಿ ಹಾಡಿ, ಪೇಟಿಗೆ ಅಲ್ಲ.

ತಾನೇ ಕಲಿತೆ ಅಂತ ಹೇಳಿಕೊಳ್ಳೋದು ನನಗೂ ಇಷ್ಟವೇ, ಆದರೆ ಪೂರ್ತಿ ನಿಜ ಅಲ್ಲ. ಪೇಟಿಗೆ ಹೆಡ್‌ಫೋನ್ ಇಲ್ಲ, ಇಡೀ ಬಿಲ್ಡಿಂಗ್‌ಗೆ ಕೇಳುತ್ತೆ. ಒಂದು ದಿನ ಲಿಫ್ಟಲ್ಲಿ ಕೆಳಗಿನ ಮನೆಯ ಕಾಕು ಸಿಕ್ಕರು. ಗದ್ದಲ ಅಂತ ದೂರ್ತಾರೇನೋ ಅಂತ ನಾನೇ ಮೊದಲು ಕ್ಷಮೆ ಕೇಳಿದೆ. ಅವರು, "ತೊಂದರೆ ಇಲ್ಲ ರೇ, ಆದರೆ ನಿನ್ನ ಲಯ ಓಡ್ತಾ ಇದೆ," ಅಂದ್ರು ಮರಾಠಿಯಲ್ಲಿ. ವಿನಾಯಕಬುವಾ ಪಟವರ್ಧನ್ 1932ರಲ್ಲಿ ಇಲ್ಲಿ ಗಾಂಧರ್ವ ಮಹಾವಿದ್ಯಾಲಯ ಶುರು ಮಾಡಿದ ಊರಿದು, ಪ್ರತಿ ಬಿಲ್ಡಿಂಗಲ್ಲೂ ಸಂಗೀತದ ಪರೀಕ್ಷೆ ಕಟ್ಟಿದವರೊಬ್ಬರು ಇದ್ದೇ ಇರ್ತಾರೇನೋ ಅನ್ನಿಸುತ್ತೆ. ನಮ್ಮ ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ ಗದಗ ಕಡೆಯ ಭೀಮಸೇನ ಜೋಶಿ 1953ರಲ್ಲಿ ಶುರು ಮಾಡಿದ ಉತ್ಸವಕ್ಕೆ ಕಾಕು ಹುಡುಗಿಯಾಗಿದ್ದಾಗಿಂದ ಹೋಗ್ತಿದ್ದಾರಂತೆ. ಫೋನಲ್ಲಿ ನನ್ನ ವಾದನ ರೆಕಾರ್ಡ್ ಮಾಡಿ, ತಾಳದ ಜೊತೆ ಇಟ್ಟು ಕೇಳಿದೆ. ಅವರು ಹೇಳಿದ್ದು ನಿಜ. ಬರೋ ಜಾಗದಲ್ಲೆಲ್ಲ ಓಡ್ತಿದ್ದೆ, ಬಾರದ ಜಾಗದಲ್ಲಿ ಕುಂಟ್ತಿದ್ದೆ. ಒಂದು ವರ್ಷ ನನಗೆ ಇದು ಗೊತ್ತೇ ಆಗಿರಲಿಲ್ಲ. ಈಗ ಶನಿವಾರ ಅರ್ಧ ಗಂಟೆ ಕಾಕು ಮುಂದೆ ನುಡಿಸ್ತೀನಿ. ಅವರು ತೊಡೆ ಮೇಲೆ ತಾಳ ಹಾಕ್ತಾರೆ, ಹೆಚ್ಚು ಮಾತಾಡಲ್ಲ.

ಈ ಸಲ ಗಣಪತಿಗೆ ಅವ್ವ ಅಪ್ಪ ಇಬ್ಬರೂ ಬರ್ತಿದ್ದಾರೆ, ಟಿಕೆಟ್ ಆಗಿದೆ. ಹಾಡಿನ ಮಾತು ಅವಳ ಹತ್ತಿರ ನಾನಿನ್ನೂ ತೆಗೆದಿಲ್ಲ. ಪದವನ್ನ ಬಿಳಿ ಐದರಲ್ಲಿ ಕೂರಿಸಿದ್ದೀನಿ, ಪಲ್ಲವಿ ಕಣ್ಣುಮುಚ್ಚಿ ಬರುತ್ತೆ. ಚರಣದಲ್ಲಿ ಇನ್ನೂ ಓಡ್ತೀಯ ಅಂತಾರೆ ಕಾಕು.