ಪರದೇಶದ ಅಧಿಕಾರಿಗೆ ಸರಕಾರಿ ಖರ್ಚಿನಲ್ಲಿ ಇಂಗ್ಲಿಷ್ ಪಾಠ

ಮೆಕಾಂಗ್ ಆಗ್ನೇಯ ಏಷ್ಯದ ಮಹಾನದಿ. ಟಿಬೆಟಿನ ಎತ್ತರದಲ್ಲಿ ಹುಟ್ಟಿ, ಆರು ದೇಶಗಳ ನೆಲವನ್ನು ಮುಟ್ಟಿ, ಕೊನೆಗೆ ವಿಯೆಟ್ನಾಮಿನಲ್ಲಿ ಕಡಲನ್ನು ಸೇರುತ್ತದೆ. ಈ ನದಿಯ ಕೆಳಪಾತ್ರದ ನಾಲ್ಕು ದೇಶಗಳಾದ ಲಾವೋಸ್, ಥಾಯ್ಲೆಂಡ್, ಕಾಂಬೋಡಿಯ ಮತ್ತು ವಿಯೆಟ್ನಾಮ್ 1995ರ ಏಪ್ರಿಲ್ ತಿಂಗಳಲ್ಲಿ ಒಪ್ಪಂದಕ್ಕೆ ಸಹಿ ಹಾಕಿ ಮೆಕಾಂಗ್ ನದಿ ಆಯೋಗವನ್ನು ಸ್ಥಾಪಿಸಿಕೊಂಡವು. ನೀರು, ಮೀನು, ದೋಣಿಸಂಚಾರ, ಅಣೆಕಟ್ಟು, ನೆರೆ ಹಾವಳಿ ಇವೆಲ್ಲ ಅಲ್ಲಿ ಚರ್ಚೆಗೆ ಬರುತ್ತವೆ. ಒಬ್ಬನದು ಲಾವೋ ಭಾಷೆ, ಇನ್ನೊಬ್ಬನದು ಥಾಯ್, ಮತ್ತೊಬ್ಬನದು ಖ್ಮೇರ್, ನಾಲ್ಕನೆಯವನದು ವಿಯೆಟ್ನಾಮೀ. ಆದರೆ ಆಯೋಗದ ಕಾಗದಪತ್ರಗಳೂ ಕಲಾಪಗಳೂ ನಡೆಯುವುದು ಇಂಗ್ಲಿಷಿನಲ್ಲಿ. ಅದು ನಾಲ್ವರಲ್ಲಿ ಒಬ್ಬರ ಮನೆಮಾತೂ ಅಲ್ಲ.

ನದಿ ನೀರಿನ ವ್ಯಾಜ್ಯ ಎಂದರೇನು ಎಂಬುದನ್ನು ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಪ್ಪಂದದ ಒಂದು ವಾಕ್ಯಕ್ಕೆ ಎರಡು ಅರ್ಥ ಬಂದರೆ ಸಾಕು, ತಲೆಮಾರುಗಳ ಕಾಲ ಜಗಳ ಮುಂದುವರಿಯುತ್ತದೆ. ಹಾಗಿರುವಾಗ, ತನ್ನ ಊರಿನ ಹೊಳೆಯ ಬಗ್ಗೆ ಪರಭಾಷೆಯಲ್ಲಿ ವಾದಿಸಬೇಕಾದ ಅಧಿಕಾರಿಯ ಪಾಡು ಏನಾಗಬೇಡ? ಎದುರಿನವನು ಹೇಳಿದ್ದು ಅರ್ಧ ಅರ್ಥವಾಗಿ, ತಾನು ಹೇಳಬೇಕಾದದ್ದು ಅರ್ಧ ಬಾಯಿಗೆ ಬಂದು, ಉಳಿದರ್ಧಕ್ಕೆ ತಲೆಯಾಡಿಸಿ ಕುಳಿತರೆ ನಷ್ಟ ಅವನೊಬ್ಬನದಲ್ಲ. ದಂಡೆಯ ಮೇಲೆ ಬಲೆ ಬೀಸುವ ಬೆಸ್ತನದು, ಗದ್ದೆಗೆ ನೀರು ಕಾಯುವ ರೈತನದು.

ಈ ಕಷ್ಟದಿಂದಲೇ ಹುಟ್ಟಿದ್ದು ಒಂದು ವಿಶೇಷ ಬಗೆಯ ವಿದ್ಯಾರ್ಥಿ ವೇತನ. ಒಂದು ದೇಶದ ಸರಕಾರ ತನ್ನ ಬೊಕ್ಕಸದ ಹಣದಿಂದ ಇನ್ನೊಂದು ದೇಶದ ಅಧಿಕಾರಿಗಳನ್ನು ಕರೆಸಿ, ಊಟ ವಸತಿ ಕೊಟ್ಟು, ಕೆಲವು ತಿಂಗಳು ಇಂಗ್ಲಿಷ್ ಕಲಿಸಿ ಹಿಂದಕ್ಕೆ ಕಳುಹಿಸುತ್ತದೆ. ನ್ಯೂಜಿಲೆಂಡ್ ಇದನ್ನು ಮಾಡುತ್ತದೆ, ಸಿಂಗಾಪುರ ಮಾಡುತ್ತದೆ. ನಮ್ಮಲ್ಲಿ ಹಲವರಿಗೆ ಆಶ್ಚರ್ಯವಾಗಬಹುದು, ಭಾರತವೂ ಮಾಡುತ್ತದೆ.

ಅಗತ್ಯ ಬಂದದ್ದು ಹೇಗೆ?

ಲಾವೋಸ್, ಕಾಂಬೋಡಿಯ, ವಿಯೆಟ್ನಾಮ್ ಮೂರೂ ಹಿಂದೆ ಫ್ರೆಂಚರ ಆಳ್ವಿಕೆಗೆ ಒಳಪಟ್ಟಿದ್ದ ದೇಶಗಳು. ಹಳೆಯ ತಲೆಮಾರಿನ ಅಧಿಕಾರಿಗಳು ಫ್ರೆಂಚ್ ಕಲಿತವರು. ಮುಂದೆ ಸೋವಿಯತ್ ಒಕ್ಕೂಟದ ಸ್ನೇಹದ ಕಾಲದಲ್ಲಿ ತರಬೇತಿಗೆ ಹೋದವರು ರಷ್ಯನ್ ಕಲಿತು ಬಂದರು. 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಅದಕ್ಕೂ ಮುಂಚೆ, 1986ರಲ್ಲೇ, ವಿಯೆಟ್ನಾಮ್ ಹೊಸ ಆರ್ಥಿಕ ನೀತಿ ಹಿಡಿದು ಹೊರಗಿನ ವ್ಯಾಪಾರಕ್ಕೆ ಬಾಗಿಲು ತೆರೆದಿತ್ತು. ಕಷ್ಟಪಟ್ಟು ಕಲಿತ ರಷ್ಯನ್ ಭಾಷೆಯ ಉಪಯೋಗ ಕಣ್ಣೆದುರೇ ಕಡಿಮೆಯಾಯಿತು. 1994ರಲ್ಲಿ ಆ ದೇಶದ ಪ್ರಧಾನಮಂತ್ರಿಗಳು ಸರಕಾರಿ ಅಧಿಕಾರಿಗಳು ವಿದೇಶೀ ಭಾಷೆ ಕಲಿಯಬೇಕೆಂದು ಆಜ್ಞೆ ಹೊರಡಿಸಿದರು. ಹೆಚ್ಚಿನವರು ಆರಿಸಿಕೊಂಡದ್ದು ಇಂಗ್ಲಿಷನ್ನು.

ಬಳಿಕ ಒಂದರ ಹಿಂದೆ ಒಂದರಂತೆ ಈ ದೇಶಗಳು ಆಗ್ನೇಯ ಏಷ್ಯದ ಕೂಟವಾದ ಆಸಿಯಾನ್ ಸೇರಿದವು: ವಿಯೆಟ್ನಾಮ್ 1995ರಲ್ಲಿ, ಲಾವೋಸ್ ಮತ್ತು ಮ್ಯಾನ್ಮಾರ್ 1997ರಲ್ಲಿ, ಕಾಂಬೋಡಿಯ 1999ರಲ್ಲಿ. 2007ರಲ್ಲಿ ಸಹಿಯಾದ ಆಸಿಯಾನ್ ಸನದಿನ 34ನೆಯ ವಿಧಿ ಒಂದೇ ವಾಕ್ಯದ್ದು. ಕೂಟದ ವ್ಯವಹಾರ ಭಾಷೆ ಇಂಗ್ಲಿಷ್ ಎಂದಷ್ಟೇ ಅದು ಹೇಳುತ್ತದೆ. ವಿಶ್ವಸಂಸ್ಥೆಯಲ್ಲಿ ಆರು ಅಧಿಕೃತ ಭಾಷೆಗಳುಂಟು, ಅನುವಾದಕರ ದಂಡೇ ಉಂಟು. ಆಸಿಯಾನಿನಲ್ಲಿ ಆ ಅನುಕೂಲವಿಲ್ಲ. ಸಭೆಗೆ ಹೋದವನು ಇಂಗ್ಲಿಷಿನಲ್ಲಿ ಮಾತಾಡಬೇಕು, ಇಲ್ಲವೇ ಸುಮ್ಮನಿರಬೇಕು.

ವಿಶ್ವ ವ್ಯಾಪಾರ ಸಂಸ್ಥೆಯ ಕಥೆಯನ್ನೂ ಇಲ್ಲಿ ಹೇಳಬೇಕು. ಅದರ ಸದಸ್ಯತ್ವ ಬೇಕೆಂದು ಅರ್ಜಿ ಹಾಕಿದ ದೇಶ ತನ್ನ ಸುಂಕ, ಕಾಯಿದೆ, ಬೆಳೆ, ಬ್ಯಾಂಕು ಎಲ್ಲದರ ವಿವರ ಬರೆದು ಒಪ್ಪಿಸಬೇಕು. ಉಳಿದ ಸದಸ್ಯರು ಕಂತೆಗಟ್ಟಲೆ ಲಿಖಿತ ಪ್ರಶ್ನೆ ಕೇಳುತ್ತಾರೆ, ಪ್ರತಿಯೊಂದಕ್ಕೂ ಲಿಖಿತ ಉತ್ತರ ಕೊಡಬೇಕು. ಲಾವೋಸ್ 1997ರಲ್ಲಿ ಅರ್ಜಿ ಹಾಕಿತು. ಸದಸ್ಯತ್ವ ಕೈಗೆ ಬಂದದ್ದು 2013ರ ಫೆಬ್ರವರಿಯಲ್ಲಿ. ಇಷ್ಟು ವಿಳಂಬಕ್ಕೆ ಭಾಷೆಯೊಂದೇ ಕಾರಣವೆಂದು ಯಾರೂ ಹೇಳಲಾರರು. ಆದರೆ ಆ ಪ್ರಶ್ನೆಗಳನ್ನು ಓದಿ ಉತ್ತರ ಬರೆಯಬಲ್ಲ ನಾಲ್ಕು ಜನ ಗುಮಾಸ್ತರು, ನಾಲ್ಕು ಜನ ಅಧಿಕಾರಿಗಳು ಇಲ್ಲದೆ ಇಂಥ ಕೆಲಸ ಒಂದು ಹೆಜ್ಜೆಯೂ ಮುಂದೆ ಹೋಗದು.

ಐದು ತಿಂಗಳ ಶಾಲೆ

ನ್ಯೂಜಿಲೆಂಡ್ ಸರಕಾರ 1990ರ ದಶಕದ ಆರಂಭದಿಂದ ಈ ಉದ್ದೇಶಕ್ಕೆಂದೇ ಒಂದು ಯೋಜನೆ ನಡೆಸುತ್ತ ಬಂದಿದೆ. ಆ ದೇಶದ ವಿದೇಶಾಂಗ ಮತ್ತು ವ್ಯಾಪಾರ ಖಾತೆ ಇದರ ಖರ್ಚು ಹೊರುತ್ತದೆ. ಮೊದಲು ಮೆಕಾಂಗ್ ಕಣಿವೆಯ ದೇಶಗಳಿಂದ, ಆಮೇಲೆ ಮಂಗೋಲಿಯ, ಮ್ಯಾನ್ಮಾರ್, ಇಂಡೊನೇಷ್ಯ ಮುಂತಾದೆಡೆಗಳಿಂದ ಅಧಿಕಾರಿಗಳು ಹೋದರು. ಸುಮಾರು ಐದು ತಿಂಗಳ ತರಬೇತಿ. ವಾಸ ಹೆಚ್ಚಾಗಿ ಅಲ್ಲಿಯ ಕುಟುಂಬಗಳ ಮನೆಗಳಲ್ಲಿ. ಬೆಳಗ್ಗೆ ತರಗತಿಯಲ್ಲಿ ಕಲಿತದ್ದನ್ನು ರಾತ್ರಿ ಊಟಕ್ಕೆ ಕುಳಿತಾಗ ಆಡಲೇಬೇಕು. ಉಪ್ಪು ಬೇಕಾದರೂ ಇಂಗ್ಲಿಷಿನಲ್ಲೇ ಕೇಳಬೇಕು. ಕೃಷಿ ಇಲಾಖೆಯವನಿಗೆ ಕೃಷಿಯ ಮಾತು, ವ್ಯಾಪಾರ ಇಲಾಖೆಯವನಿಗೆ ವ್ಯಾಪಾರದ ಮಾತು ಎಂಬಂತೆ ಪಾಠವನ್ನು ಅವರವರ ಉದ್ಯೋಗಕ್ಕೆ ಹೊಂದಿಸುತ್ತಾರೆ.

ಅಧ್ಯಾಪಕ ವೃತ್ತಿಯಲ್ಲಿರುವ ನನ್ನಂಥವರಿಗೆ ಇಲ್ಲಿ ಏಳುವ ಪ್ರಶ್ನೆ ಒಂದು. ನಮ್ಮ ಮಕ್ಕಳು ಹತ್ತು ವರ್ಷ ಇಂಗ್ಲಿಷ್ ಓದಿಯೂ ನಾಲ್ಕು ವಾಕ್ಯ ಆಡಲು ತಡವರಿಸುತ್ತಾರೆ. ನಲವತ್ತು ದಾಟಿದ ಅಧಿಕಾರಿ ಐದು ತಿಂಗಳಲ್ಲಿ ಕಲಿಯುವುದು ಹೇಗೆ?

ಒಂದು ವಿಷಯವನ್ನು ಮೊದಲೇ ಹೇಳಿಬಿಡಬೇಕು. ಇವರು ಸೊನ್ನೆಯಿಂದ ಆರಂಭಿಸುವವರಲ್ಲ. ಅಷ್ಟಿಷ್ಟು ಬಲ್ಲವರನ್ನೇ ಆರಿಸಿ ಕಳುಹಿಸುತ್ತಾರೆ. ಎರಡನೆಯದಾಗಿ, ಅವರಿಗೆ ವಿಷಯ ಗೊತ್ತಿದೆ, ಮಾತು ಮಾತ್ರ ಗೊತ್ತಿಲ್ಲ. ಇಪ್ಪತ್ತು ವರ್ಷ ನೀರಾವರಿ ಇಲಾಖೆಯಲ್ಲಿ ದುಡಿದವನಿಗೆ ಕಾಲುವೆ, ತೂಬು, ಹೂಳು ಇವುಗಳ ಅರ್ಥ ಹೇಳಿಕೊಡಬೇಕಿಲ್ಲ, ಹೆಸರು ಹೇಳಿಕೊಟ್ಟರೆ ಸಾಕು. ನಮ್ಮ ಹುಡುಗನಿಗಾದರೋ ಹೆಸರೂ ಹೊಸದು, ವಸ್ತುವೂ ಹೊಸದು. ಮೂರನೆಯದಾಗಿ, ಹಿಂದಿರುಗಿದ ಮಾರನೆಯ ತಿಂಗಳೇ ಆ ಭಾಷೆ ತನಗೆ ಬೇಕಾಗುತ್ತದೆ ಎಂದು ಅವನಿಗೆ ತಿಳಿದಿದೆ. ಕಲಿಯುವವನಿಗೆ ಉದ್ದೇಶ ಸ್ಪಷ್ಟವಿದ್ದರೆ ಕಲಿಸುವವನ ಅರ್ಧ ಕೆಲಸ ಆದಂತೆಯೇ.

ಹಾಗೆಂದು ಅವರ ದಾರಿ ಸುಗಮವೂ ಅಲ್ಲ. ಲಾವೋ, ಖ್ಮೇರ್, ವಿಯೆಟ್ನಾಮೀ ಭಾಷೆಗಳಲ್ಲಿ ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ. ನಾವು ಹೋದನು, ಹೋಗುತ್ತಾಳೆ, ಹೋಗುವರು ಎಂದು ಕ್ರಿಯಾಪದದ ಬಾಲದಲ್ಲೇ ಕಾಲ, ಲಿಂಗ, ವಚನ ಎಲ್ಲವನ್ನೂ ಕಟ್ಟುತ್ತೇವೆ. ಅವರಲ್ಲಿ ಒಂದೇ ರೂಪ. ನಿನ್ನೆ, ನಾಳೆ ಎಂಬಂಥ ಬೇರೆ ಮಾತಿನಿಂದ ಕಾಲ ತಿಳಿಯುತ್ತದೆ. ಅಂಥವರಿಗೆ ಇಂಗ್ಲಿಷಿನ ಭೂತಕಾಲದ ರೂಪಗಳು ದೊಡ್ಡ ತಲೆನೋವು. ‘ನಾವು ಒಪ್ಪಿದ್ದೆವು’ ಎಂಬುದಕ್ಕೂ ‘ನಾವು ಒಪ್ಪುತ್ತೇವೆ’ ಎಂಬುದಕ್ಕೂ ಇರುವ ಅಂತರ ಪರೀಕ್ಷೆಯಲ್ಲಿ ಒಂದು ಅಂಕದ್ದಾಗಿರಬಹುದು. ಎರಡು ಸರಕಾರಗಳ ನಡುವಿನ ಮಾತುಕತೆಯಲ್ಲಿ ಅದು ಒಂದು ಅಂಕದಲ್ಲಿ ಮುಗಿಯುವುದಿಲ್ಲ.

ಹೈದರಾಬಾದಿನ ನಂಟು

ಈಗ ನಮ್ಮ ದೇಶದ ಕಡೆ ತಿರುಗೋಣ. 1964ರ ಸೆಪ್ಟೆಂಬರ್ 15ರಂದು ಕೇಂದ್ರ ಸಚಿವ ಸಂಪುಟ ಭಾರತೀಯ ತಾಂತ್ರಿಕ ಮತ್ತು ಆರ್ಥಿಕ ಸಹಕಾರ ಯೋಜನೆಯನ್ನು ಆರಂಭಿಸಲು ತೀರ್ಮಾನಿಸಿತು. ಐಟೆಕ್ ಎಂಬುದು ಅದರ ಚಿಕ್ಕ ಹೆಸರು. ಸ್ವಾತಂತ್ರ್ಯ ಬಂದು ಇನ್ನೂ ಹದಿನೇಳು ವರ್ಷ. ಆಹಾರ ಧಾನ್ಯವನ್ನು ಹೊರಗಿನಿಂದ ತರಿಸುತ್ತಿದ್ದ ಕಾಲ. ಆ ಬಡತನದಲ್ಲೂ, ನಮ್ಮಲ್ಲಿರುವ ಅಲ್ಪಸ್ವಲ್ಪ ವಿದ್ಯೆಯನ್ನು ನಮ್ಮಂತೆಯೇ ಹೊಸದಾಗಿ ಸ್ವತಂತ್ರವಾದ ದೇಶಗಳೊಡನೆ ಹಂಚಿಕೊಳ್ಳೋಣ ಎಂಬ ಯೋಚನೆ. ಇದುವರೆಗೆ 160ಕ್ಕೂ ಹೆಚ್ಚು ದೇಶಗಳ ಎರಡು ಲಕ್ಷಕ್ಕೂ ಮಿಕ್ಕಿದ ಅಧಿಕಾರಿಗಳು ಇದರ ಪ್ರಯೋಜನ ಪಡೆದಿದ್ದಾರೆಂದು ವಿದೇಶಾಂಗ ಖಾತೆ ಹೇಳುತ್ತದೆ. ವಿಮಾನದ ಟಿಕೇಟು, ಶುಲ್ಕ, ವಸತಿ, ಕೈಖರ್ಚಿನ ಭತ್ಯೆ ಎಲ್ಲವೂ ಭಾರತ ಸರಕಾರದ್ದು. ಅಭ್ಯರ್ಥಿಯನ್ನು ಅವನ ಸರಕಾರವೇ ಸೂಚಿಸಬೇಕು; ಅರ್ಜಿ ಅಲ್ಲಿಯ ಭಾರತೀಯ ರಾಯಭಾರ ಕಚೇರಿಯ ಮೂಲಕ ಬರಬೇಕು.

ಲೆಕ್ಕ ತಪಾಸಣೆ, ಬ್ಯಾಂಕಿಂಗ್, ಗ್ರಾಮಾಭಿವೃದ್ಧಿ, ಕಂಪ್ಯೂಟರ್ ಹೀಗೆ ಐಟೆಕ್ ಯೋಜನೆಯಲ್ಲಿ ಅನೇಕ ತರಬೇತಿಗಳುಂಟು. ಅವುಗಳನ್ನು ಪಡೆಯಲು ಇಂಗ್ಲಿಷ್ ತಿಳಿದಿರಬೇಕು. ಹೀಗಾಗಿ ಇಂಗ್ಲಿಷ್ ತರಬೇತಿ ಎಂಬುದು ಉಳಿದೆಲ್ಲ ಕೋಣೆಗಳಿಗೆ ಹೋಗುವ ಪಡಸಾಲೆಯಾಯಿತು. ಈ ಕೆಲಸದ ಮುಖ್ಯ ಕೇಂದ್ರ ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶೀ ಭಾಷೆಗಳ ವಿಶ್ವವಿದ್ಯಾನಿಲಯ. 1958ರಲ್ಲಿ ಅದು ಸ್ಥಾಪನೆಯಾದಾಗ ಅದರ ಹೆಸರು ಕೇಂದ್ರೀಯ ಇಂಗ್ಲಿಷ್ ಸಂಸ್ಥೆ ಎಂದಿತ್ತು. 1972ರಲ್ಲಿ ಇತರ ವಿದೇಶೀ ಭಾಷೆಗಳೂ ಸೇರಿಕೊಂಡವು. 2007ರಲ್ಲಿ ಅದು ಕೇಂದ್ರೀಯ ವಿಶ್ವವಿದ್ಯಾನಿಲಯವಾಯಿತು. ಭಾರತದ ನೆರವಿನಿಂದ ಕಾಂಬೋಡಿಯ, ಲಾವೋಸ್, ವಿಯೆಟ್ನಾಮ್, ಮ್ಯಾನ್ಮಾರ್‌ಗಳಲ್ಲೇ ಇಂಗ್ಲಿಷ್ ತರಬೇತಿ ಕೇಂದ್ರಗಳನ್ನು ತೆರೆದಾಗಲೂ ಈ ಸಂಸ್ಥೆಯೇ ಮುಂದೆ ನಿಂತಿತು.

ಇಲ್ಲಿ ಒಂದು ಸ್ವಾರಸ್ಯವಿದೆ. ಈ ಹೈದರಾಬಾದಿನ ಸಂಸ್ಥೆ ತಲೆಯೆತ್ತಿದ್ದೂ ಪರರ ನೆರವಿನಿಂದಲೇ. ಅಮೆರಿಕದ ಫೋರ್ಡ್ ಪ್ರತಿಷ್ಠಾನ ಹಣ ಕೊಟ್ಟಿತು, ಬ್ರಿಟಿಷ್ ಕೌನ್ಸಿಲ್ ತಜ್ಞರನ್ನು ಕೊಟ್ಟಿತು. ಅಲ್ಲಿ ದುಡಿದ ಎಚ್. ವಿ. ಜಾರ್ಜ್ ಎಂಬ ವಿದ್ವಾಂಸರು ಇಂಗ್ಲಿಷಿನ ಕ್ರಿಯಾರೂಪಗಳಲ್ಲಿ ಯಾವುದು ಎಷ್ಟು ಬಳಕೆಯಲ್ಲಿದೆ ಎಂಬುದನ್ನು ಎಣಿಸಿ 1963ರಲ್ಲಿ ಪ್ರಕಟಿಸಿದರು. ಪಠ್ಯಪುಸ್ತಕಗಳು ಮೊದಲ ಪಾಠದಲ್ಲೇ ತುರುಕುವ ‘ಮಾಡುತ್ತಿದ್ದೇನೆ, ನಡೆಯುತ್ತಿದ್ದೇನೆ’ ಎಂಬ ರೂಪ ನಿಜವಾದ ಬರವಣಿಗೆಯಲ್ಲಿ ಎಷ್ಟೋ ವಿರಳ, ಸರಳ ಭೂತಕಾಲವೇ ಹೆಚ್ಚು ಎಂಬುದು ಅವರ ಎಣಿಕೆಯಿಂದ ಕಂಡುಬಂತು. ಅದೇ ಜಾರ್ಜ್ ಅವರು ಮುಂದೆ ನ್ಯೂಜಿಲೆಂಡಿನ ವೆಲ್ಲಿಂಗ್ಟನ್ ನಗರದ ವಿಕ್ಟೋರಿಯ ವಿಶ್ವವಿದ್ಯಾನಿಲಯಕ್ಕೆ ಹೋಗಿ ಅಲ್ಲಿ ಇಂಗ್ಲಿಷ್ ಬೋಧನೆಯ ಅಧ್ಯಯನವನ್ನು ಬೆಳೆಸಿದರು. ಏಷ್ಯದ ಅಧಿಕಾರಿಗಳಿಗೂ ಅಧ್ಯಾಪಕರಿಗೂ ಇಂಗ್ಲಿಷ್ ಕಲಿಸಿದ ನ್ಯೂಜಿಲೆಂಡಿನ ಪರಂಪರೆಯಲ್ಲಿ ಹೈದರಾಬಾದಿನ ಒಂದು ಎಳೆ ಸೇರಿದೆ ಎಂದರೆ ತಪ್ಪಲ್ಲ.

ಕೊಡು ಕೊಳ್ಳುವ ಲೆಕ್ಕವೂ ಹೀಗೆಯೇ. 1950ರಲ್ಲಿ ರೂಪುಗೊಂಡ ಕೊಲಂಬೊ ಯೋಜನೆಯ ಅಡಿಯಲ್ಲಿ ನ್ಯೂಜಿಲೆಂಡ್ ಕೊಟ್ಟ ಹಣ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯನ್ನು ಕಟ್ಟಲು ನೆರವಾಯಿತು. ಆಗ ಕೈಚಾಚಿದ್ದ ಭಾರತ ಇಂದು ಇತರರಿಗೆ ಕೊಡುವ ಸಾಲಿನಲ್ಲೂ ನಿಂತಿದೆ.

ಯಾರಿಗೆ ಲಾಭ?

ಇದೆಲ್ಲ ಬರೀ ಧರ್ಮಕಾರ್ಯವೇ ಎಂದು ಕೇಳಿದರೆ, ಅಲ್ಲ. ಭಾಷೆ ಕಲಿಸಿದ ಊರನ್ನು ಕಲಿತವನು ಮರೆಯುವುದಿಲ್ಲ. ಇಂದು ಕಿರಿಯ ಅಧಿಕಾರಿಯಾಗಿ ಬಂದವನು ಹದಿನೈದು ವರ್ಷಗಳಲ್ಲಿ ಕಾರ್ಯದರ್ಶಿಯಾಗಬಹುದು. ಆಗ ನಮ್ಮ ರಾಯಭಾರಿ ಅವನ ಕಚೇರಿಗೆ ಹೋದರೆ ಬಾಗಿಲು ಬೇಗ ತೆರೆಯುತ್ತದೆ. ಇದನ್ನು ಎಲ್ಲ ದೇಶಗಳೂ ಬಲ್ಲವು. ಫ್ರೆಂಚ್ ಭಾಷಿಕ ದೇಶಗಳ ಶೃಂಗಸಭೆ 1997ರಲ್ಲಿ ಹನೋಯಿಯಲ್ಲೇ ನಡೆದದ್ದು ಕಾರಣವಿಲ್ಲದೆ ಅಲ್ಲ. ಒಂದು ಭಾಷೆ ಹಿಂದೆ ಸರಿಯುವ ಕಡೆ ಇನ್ನೊಂದು ಮುಂದೆ ಬರುತ್ತದೆ. ಎರಡರ ಬೆನ್ನಿಗೂ ಸರಕಾರಗಳ ಹಣವಿರುತ್ತದೆ.

ನಮ್ಮಲ್ಲೇ ಕೇಳುವವರುಂಟು: ಹಳ್ಳಿಯ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಲು ತಕ್ಕ ಅಧ್ಯಾಪಕರಿಲ್ಲದಿರುವಾಗ ಪರದೇಶದ ಅಧಿಕಾರಿಗೆ ಪಾಠ ಹೇಳಬೇಕೇ? ಪ್ರಶ್ನೆ ನ್ಯಾಯವಾದದ್ದು. ಆದರೆ ಇದಕ್ಕೆ ಉತ್ತರ ಅಲ್ಲಿ ಕೊಡುವುದನ್ನು ನಿಲ್ಲಿಸುವುದಲ್ಲ, ಇಲ್ಲಿ ಕೊಡುವುದನ್ನು ಹೆಚ್ಚಿಸುವುದು. ದಕ್ಷಿಣದ ರಾಜ್ಯಗಳ ಶಾಲಾ ಅಧ್ಯಾಪಕರಿಗೆ ಇಂಗ್ಲಿಷ್ ಬೋಧನೆಯ ತರಬೇತಿ ಕೊಡಲು 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಸ್ಥಾಪನೆಯಾಯಿತು. ಕೇರಳ, ತಮಿಳುನಾಡು, ಆಂಧ್ರ, ಕರ್ನಾಟಕಗಳ ಅಧ್ಯಾಪಕರು ಅಲ್ಲಿ ಒಂದೇ ಬೆಂಚಿನಲ್ಲಿ ಕುಳಿತು ಕಲಿತಿದ್ದಾರೆ. ಅಧಿಕಾರಿಗೆ ದೊರೆಯುವ ಮೂರು ಅನುಕೂಲಗಳು, ಅಂದರೆ ಸಣ್ಣ ತರಗತಿ, ಸ್ಪಷ್ಟ ಉದ್ದೇಶ, ದಿನವೂ ಮಾತಾಡುವ ಅವಕಾಶ, ಇವು ಹಳ್ಳಿಯ ಹುಡುಗಿಗೂ ದೊರೆತರೆ ಅವಳೂ ಹತ್ತು ವರ್ಷ ಕಾಯಬೇಕಾಗಿಲ್ಲ.

ಇನ್ನೊಂದು ಅಪಾಯವನ್ನೂ ಮರೆಯಬಾರದು. ರಾಜಧಾನಿಯ ಅಧಿಕಾರಿ ಇಂಗ್ಲಿಷ್ ಕಲಿತು ಬಂದು ಕಡತಗಳನ್ನೆಲ್ಲ ಇಂಗ್ಲಿಷಿನಲ್ಲೇ ಬರೆಯತೊಡಗಿದರೆ ಅವನ ಊರಿನ ಜನಕ್ಕೆ ಅವನು ಇನ್ನಷ್ಟು ದೂರವಾಗುತ್ತಾನೆ. ಹಿಂದೆ ಫ್ರೆಂಚ್ ಕಲಿತವರು ಆದದ್ದೂ ಹಾಗೆಯೇ. ಹೊರಗಿನ ಸಭೆಯಲ್ಲಿ ಇಂಗ್ಲಿಷಿನಲ್ಲಿ ವಾದಿಸಿ ಗೆದ್ದದ್ದನ್ನು ಒಳಗಿನ ಸಭೆಯಲ್ಲಿ ಲಾವೋ ಭಾಷೆಯಲ್ಲಿ, ಖ್ಮೇರ್ ಭಾಷೆಯಲ್ಲಿ ತಿಳಿಸಿ ಹೇಳಿದಾಗಲೇ ಆ ವಿದ್ಯಾರ್ಥಿ ವೇತನದ ಹಣಕ್ಕೆ ಬೆಲೆ. ಮೆಕಾಂಗ್ ದಂಡೆಯ ಬೆಸ್ತನಿಗೆ ಆಯೋಗದ ಇಂಗ್ಲಿಷ್ ವರದಿ ಓದಲು ಬರಬೇಕಾಗಿಲ್ಲ. ಅದರಲ್ಲಿ ತನ್ನ ಹೊಳೆಯ ಬಗ್ಗೆ ಏನು ಬರೆದಿದೆ, ತನ್ನ ಕಡೆಯವನು ಅದಕ್ಕೆ ಏನು ಉತ್ತರ ಕೊಟ್ಟ ಎಂಬುದು ಅವನ ಮಾತಿನಲ್ಲಿ ಅವನಿಗೆ ತಿಳಿಯಬೇಕು. ಅಷ್ಟಾದರೆ ಕೊಟ್ಟ ಸರಕಾರವೂ ಕಲಿತ ಅಧಿಕಾರಿಯೂ ತಮ್ಮ ಕೆಲಸ ಮಾಡಿದಂತಾಯಿತು.