ಚಿಟಿಕೆಯ ಗುಣ, ಚಿಟಿಕೆಯ ಮಿತಿ: ಅಡಿಗೆಮನೆಯ ಸಾಂಬಾರ ಪದಾರ್ಥಗಳೂ ನಮ್ಮ ಆರೋಗ್ಯವೂ



ಕಾಫಿ ತೋಟದ ನೆರಳುಮರಕ್ಕಾಗಲಿ ಅಡಿಕೆ ಮರಕ್ಕಾಗಲಿ ಮೆಣಸಿನ ಬಳ್ಳಿ ಹಬ್ಬಿಸದ ಬೆಳೆಗಾರರು ನಮ್ಮಲ್ಲಿ ವಿರಳ. ಏಲಕ್ಕಿ, ಶುಂಠಿ, ಅರಿಶಿನ ಬೆಳೆಯುವವರೂ ಇದ್ದಾರೆ. ಇತ್ತೀಚೆಗೆ ಹಲವರು ಇವನ್ನು ಪುಡಿಮಾಡಿ, ಪೊಟ್ಟಣ ಕಟ್ಟಿ ತಾವೇ ಮಾರುತ್ತಿರುವುದು ಸಂತೋಷದ ವಿಷಯ. ಆದರೆ ಪೊಟ್ಟಣದ ಮೇಲೆ ‘ಸಕ್ಕರೆ ಕಾಯಿಲೆ ಗುಣವಾಗುತ್ತದೆ’, ‘ರಕ್ತದೊತ್ತಡ ಇಳಿಯುತ್ತದೆ’ ಎಂದು ಅಚ್ಚು ಹಾಕಿಸಬಹುದೇ ಎಂಬ ಪ್ರಶ್ನೆಗೆ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ: ಹಾಕಿಸಕೂಡದು. ಮಧುಮೇಹ, ರಕ್ತದೊತ್ತಡ ಮುಂತಾದ ರೋಗಗಳಿಗೆ ಮದ್ದೆಂದು ಜಾಹೀರಾತು ಮಾಡುವುದನ್ನು 1954ರ ಕಾಯಿದೆಯೇ ನಿಷೇಧಿಸಿದೆ. ಆಹಾರ ಪದಾರ್ಥದ ಮೇಲೆ ಹಾಗೆ ಬರೆಯಲು ಆಹಾರ ಸುರಕ್ಷತಾ ನಿಯಮಗಳಲ್ಲೂ ಅವಕಾಶವಿಲ್ಲ. ಕಾನೂನಿನ ಮಾತು ಹಾಗಿರಲಿ, ಆ ಬರಹವನ್ನು ನಂಬಿ ಒಬ್ಬ ರೋಗಿ ಮಾತ್ರೆ ಬಿಟ್ಟರೆ ಅದರ ಹೊಣೆ ಯಾರದು?

ಹಾಗೆಂದಮಾತ್ರಕ್ಕೆ ಸಾಂಬಾರ ಪದಾರ್ಥಗಳಿಗೆ ಗುಣವಿಲ್ಲವೆಂದಲ್ಲ. ಗುಣವಿದೆ, ಆದರೆ ಅದು ಊಟದೊಡನೆ, ಊಟದ ಪ್ರಮಾಣದಲ್ಲಿ ಇದೆ. ಈ ವಿಷಯವಾಗಿ ನಮ್ಮ ರಾಜ್ಯದಲ್ಲೇ ಒಳ್ಳೆಯ ಸಂಶೋಧನೆ ನಡೆದಿರುವುದರಿಂದ ಅದನ್ನು ಸದಸ್ಯರ ಗಮನಕ್ಕೆ ತರುತ್ತೇವೆ.

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ವಿಜ್ಞಾನಿಗಳು 1998ರಲ್ಲಿ ಒಂದು ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸಿದರು. ಅರಿಶಿನದ ಹಳದಿ ಸಾರಕ್ಕೆ ಕರ್ಕ್ಯುಮಿನ್ ಎಂದೂ ಮೆಣಸಿನ ಖಾರದ ಸಾರಕ್ಕೆ ಪೈಪರಿನ್ ಎಂದೂ ಹೆಸರು. ಕರ್ಕ್ಯುಮಿನ್ ಒಂದನ್ನೇ ನುಂಗಿದಾಗ ಅದು ರಕ್ತಕ್ಕೆ ಸೇರುವುದು ತೀರಾ ಅಲ್ಪ. ಕರುಳೂ ಯಕೃತ್ತೂ ಕೂಡಿ ಅದನ್ನು ಬೇಗನೆ ಮಾರ್ಪಡಿಸಿ ಹೊರಗಟ್ಟಿಬಿಡುತ್ತವೆ. ಪೈಪರಿನ್ ಈ ಕೆಲಸವನ್ನು ನಿಧಾನ ಮಾಡುತ್ತದೆ. 2 ಗ್ರಾಂ ಕರ್ಕ್ಯುಮಿನ್ ಜೊತೆಗೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ, ರಕ್ತಕ್ಕೆ ಸೇರಿದ ಕರ್ಕ್ಯುಮಿನ್ ಪ್ರಮಾಣ ಸುಮಾರು 20 ಪಟ್ಟು ಹೆಚ್ಚಿತು. ಸಾರಿಗೆ ಅರಿಶಿನವನ್ನೂ ಮೆಣಸನ್ನೂ ಒಟ್ಟಿಗೆ ಹಾಕುವ ನಮ್ಮ ಮನೆಯ ಹೆಂಗಸರ ರೂಢಿಗೆ ಇದು ಒಳ್ಳೆಯ ಸಮರ್ಥನೆ.

ಇಲ್ಲಿ ಒಂದು ಸಣ್ಣ ಲೆಕ್ಕ ಹಾಕೋಣ. ಮೆಣಸಿನಲ್ಲಿ ಪೈಪರಿನ್ ಸುಮಾರು ಶೇಕಡಾ 5. ಆದ್ದರಿಂದ 20 ಮಿಲಿಗ್ರಾಂ ಎಂದರೆ ಎಂಟು ಹತ್ತು ಕಾಳು ಮೆಣಸು. ಅಷ್ಟು ಒಂದು ಬಟ್ಟಲು ಸಾರಿನಲ್ಲೇ ಇದ್ದೀತು. ಆದರೆ ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ಶೇಕಡಾ 3 ಮಾತ್ರ. 2 ಗ್ರಾಂ ಕರ್ಕ್ಯುಮಿನ್ ಬೇಕಾದರೆ 60 ಗ್ರಾಂಗೂ ಮೇಲ್ಪಟ್ಟು ಅರಿಶಿನ ಪುಡಿ ಬೇಕು. ಇಡೀ ಮನೆಗೆ ದಿನಕ್ಕೆ ಒಂದು ಚಮಚೆ ಅರಿಶಿನ ಹೋದರೆ ಹೆಚ್ಚು. ಪ್ರಯೋಗಶಾಲೆಯ ಪ್ರಮಾಣವೇ ಬೇರೆ, ಒಗ್ಗರಣೆ ಡಬ್ಬಿಯ ಪ್ರಮಾಣವೇ ಬೇರೆ. ಜಾಹೀರಾತುಗಳು ಮರೆಮಾಚುವುದು ಈ ವ್ಯತ್ಯಾಸವನ್ನೇ.

ಮೆಂತ್ಯದ ವಿಷಯವೂ ಹೀಗೆಯೇ. ಮಧುಮೇಹಿಗಳಲ್ಲಿ ಮೆಂತ್ಯಕಾಳು ರಕ್ತದ ಸಕ್ಕರೆಯನ್ನು ತಗ್ಗಿಸುವುದೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪರೀಕ್ಷೆಗಳು ತೋರಿಸಿವೆ. ಆದರೆ ಅಲ್ಲಿ ಕೊಟ್ಟದ್ದು ದಿನಕ್ಕೆ 25 ಗ್ರಾಂ, ಕೆಲವು ಪರೀಕ್ಷೆಗಳಲ್ಲಿ 100 ಗ್ರಾಂವರೆಗೆ. ಒಗ್ಗರಣೆಗೆ ಬೀಳುವ ಹತ್ತಿಪ್ಪತ್ತು ಕಾಳು ಮಾತ್ರೆಯ ಸ್ಥಾನವನ್ನು ತುಂಬಲಾರದು.

ಹಾಗಾದರೆ ಚಿಟಿಕೆಯಿಂದ ಏನು ಲಾಭ? 1950ರಿಂದ ಮೈಸೂರಿನಲ್ಲಿರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಇದಕ್ಕೆ ಉತ್ತರ ಕೊಟ್ಟಿದೆ. ಮೆಣಸು, ಶುಂಠಿ, ಜೀರಿಗೆಗಳು ಪಿತ್ತರಸವನ್ನೂ ಜೀರ್ಣರಸಗಳನ್ನೂ ಚುರುಕುಗೊಳಿಸುತ್ತವೆಂದು ಅಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಕಂಡುಬಂದಿತು. ಧಾನ್ಯ, ಬೇಳೆಗಳ ಜೊತೆ ಬೆಳ್ಳುಳ್ಳಿ ಅಥವಾ ಈರುಳ್ಳಿ ಸೇರಿದರೆ ಅವುಗಳಲ್ಲಿನ ಕಬ್ಬಿಣ ಮತ್ತು ಸತುವಿನ ಅಂಶ ದೇಹಕ್ಕೆ ಹೆಚ್ಚಾಗಿ ದಕ್ಕುವಂತಾಗುತ್ತದೆಂದು 2010ರಲ್ಲಿ ಪ್ರಕಟವಾದ ಪ್ರಯೋಗಶಾಲೆಯ ಪರೀಕ್ಷೆ ತೋರಿಸಿತು.

ನಮ್ಮ ಮಲೆನಾಡಿನಿಂದ ದೂರದ ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆಯ ಊಟವನ್ನೇ ನೋಡಿ. ಜೋಳದ ರೊಟ್ಟಿ, ಬೇಳೆ ಪಲ್ಯ, ಬೆಳ್ಳುಳ್ಳಿ ಹಾಕಿ ಕುಟ್ಟಿದ ಶೇಂಗಾ ಹಿಂಡಿ, ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ. ಮಳೆ ಕಡಿಮೆಯ ಆ ಸೀಮೆಯಲ್ಲಿ ತಟ್ಟೆಗೆ ಬರುವ ಕಬ್ಬಿಣಾಂಶ ಬಹುಮಟ್ಟಿಗೆ ಕಾಳುಕಡಿಯದ್ದೇ. ಅಂಥಲ್ಲಿ ಒಂದೆರಡು ಎಸಳು ಬೆಳ್ಳುಳ್ಳಿ ರುಚಿಗಷ್ಟೇ ಅಲ್ಲ, ಊಟದ ಸಾರ ಮೈಗೆ ಹತ್ತುವುದಕ್ಕೂ ನೆರವಾಗುತ್ತದೆ. ಸಾಂಬಾರ ಪದಾರ್ಥದ ನಿಜವಾದ ಉಪಕಾರ ಇಂಥದು: ಅದು ಅನ್ನಕ್ಕೆ ಸಹಾಯಕ, ವೈದ್ಯನಿಗೆ ಬದಲಿಯಲ್ಲ.

ಮಿತಿ ಮೀರಿದರೆ ತೊಂದರೆಯೂ ಉಂಟು. 2020ರಲ್ಲಿ ಕೋವಿಡ್ ಬಂದಾಗ ಆಯುಷ್ ಮಂತ್ರಾಲಯ ತುಳಸಿ, ದಾಲ್ಚಿನ್ನಿ, ಮೆಣಸು, ಒಣಶುಂಠಿಯ ಕಷಾಯವನ್ನು ದಿನಕ್ಕೆ ಒಂದೆರಡು ಬಾರಿ ಕುಡಿಯಲು ಸಲಹೆ ಕೊಟ್ಟಿತ್ತು. ಹೆಚ್ಚು ಕುಡಿದಷ್ಟೂ ಒಳ್ಳೆಯದೆಂದು ಹೊತ್ತುಹೊತ್ತಿಗೆ ಕುಡಿದು ಹೊಟ್ಟೆಯುರಿ ತಂದುಕೊಂಡವರಿದ್ದಾರೆ. ಪೈಪರಿನ್ ಕರ್ಕ್ಯುಮಿನ್‌ಗೆ ದಾರಿ ಬಿಟ್ಟುಕೊಟ್ಟಂತೆ ಕೆಲವು ಔಷಧಿಗಳಿಗೂ ಬಿಟ್ಟುಕೊಡುತ್ತದೆ. ಮೂರ್ಛೆರೋಗದ ಫೆನಿಟೋಯಿನ್, ರಕ್ತದೊತ್ತಡದ ಪ್ರೊಪ್ರನೊಲಾಲ್, ಉಬ್ಬಸದ ಥಿಯೋಫಿಲಿನ್ ಇವುಗಳ ಮಟ್ಟ ರಕ್ತದಲ್ಲಿ ಏರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಇಂಥ ಮಾತ್ರೆ ನುಂಗುವವರು ಗಟ್ಟಿ ಮೆಣಸಿನ ಕಷಾಯವನ್ನು ದಿನಾ ಕುಡಿಯುವ ಮುನ್ನ ವೈದ್ಯರನ್ನು ಕೇಳತಕ್ಕದ್ದು. ಮೆಣಸಿನ ಸಾರ ಬೆರೆಸಿದ ಅರಿಶಿನದ ಗುಳಿಗೆಗಳಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ಇಟಲಿ, ಅಮೆರಿಕ ದೇಶಗಳಿಂದ ವರದಿಯಾಗಿವೆ. ಅಡಿಗೆಯ ಅರಿಶಿನಕ್ಕೆ ಈ ಭಯ ಬೇಡ.

ಕೊನೆಯದಾಗಿ, ಬೆಳೆಗಾರರಾದ ನಮ್ಮ ಪಾಲಿನ ಕೆಲಸ. ಸರಿಯಾಗಿ ಒಣಗದ ಮೆಣಸಿಗೆ ಬೂಷ್ಟು ಹಿಡಿದರೆ ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟಬಹುದು; ಅದು ಯಕೃತ್ತಿನ ಶತ್ರು. ಆದ್ದರಿಂದ ಸದಸ್ಯರು ಈ ಕ್ರಮಗಳನ್ನು ಅನುಸರಿಸಬೇಕಾಗಿ ಕೋರುತ್ತೇವೆ:

1. ಬಿಡಿಸಿದ ಹಸಿ ಮೆಣಸನ್ನು ಬುಟ್ಟಿಯಲ್ಲಿಟ್ಟು ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆಯಿರಿ. ಕೊಳೆ ಹೋಗುತ್ತದೆ, ಬೇಗ ಒಣಗುತ್ತದೆ, ಬಣ್ಣವೂ ಒಂದೇ ಸಮನಾಗಿ ಬರುತ್ತದೆ.

2. ಸೆಗಣಿ ಸಾರಿಸಿದ ಕಣದಲ್ಲಿ ಒಣಗಿಸಬೇಡಿ. ಶುಚಿಯಾದ ಸಿಮೆಂಟು ಕಣ ಅಥವಾ ಟಾರ್ಪಾಲು ಬಳಸಿ. ನಾಯಿ, ಕೋಳಿ ಸುಳಿಯದಂತೆ ನೋಡಿಕೊಳ್ಳಿ.

3. ತೇವಾಂಶ ಶೇಕಡಾ 11ಕ್ಕಿಂತ ಕೆಳಗಿಳಿದ ಮೇಲೆಯೇ ಚೀಲ ತುಂಬಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಇಡಿ.

4. ಅರಿಶಿನಕ್ಕೆ ಯಾವ ಬಣ್ಣವನ್ನೂ ಸೇರಿಸಬೇಡಿ. ಬಾಂಗ್ಲಾದೇಶದಲ್ಲಿ ಹೊಳಪಿಗಾಗಿ ಬಳಸಿದ ಸೀಸದ ಕ್ರೋಮೇಟ್ ಜನರ ರಕ್ತಕ್ಕೆ ಸೀಸ ಸೇರಿಸಿದ್ದು 2019ರಲ್ಲಿ ಬಯಲಾಯಿತು.

ಪೊಟ್ಟಣದ ಮೇಲೆ ಪದಾರ್ಥದ ಹೆಸರು, ಬೆಳೆದ ಊರು, ತೂಕ, ಪುಡಿಮಾಡಿದ ತಾರೀಖು, ಪರವಾನಗಿ ಸಂಖ್ಯೆ ಮುಂತಾಗಿ ನಿಯಮಗಳು ಕೇಳುವ ವಿವರಗಳೆಲ್ಲ ಸ್ಪಷ್ಟವಾಗಿರಲಿ. ‘ಕಲಬೆರಕೆಯಿಲ್ಲ’ ಎಂಬ ಮಾತನ್ನು ನಿಜ ಮಾಡಿ ತೋರಿಸಿದರೆ, ರೋಗ ವಾಸಿ ಮಾಡುವ ಮಾತಿನ ಅಗತ್ಯವೇ ನಮಗೆ ಬೀಳುವುದಿಲ್ಲ.