ಮುರಿದ ಕಾರಿಗೆ ಬೆಲೆ ಕಟ್ಟುವವರು ಯಾರು?

ಹರಿಹರದ ಬಳಿ ತುಂಗಭದ್ರೆಯನ್ನು ದಾಟಿ ರಾಣೇಬೆನ್ನೂರು, ಹಾವೇರಿಗಳ ಮೇಲೆ ಹುಬ್ಬಳ್ಳಿಯತ್ತ ಸಾಗುವ ಹೆದ್ದಾರಿಯನ್ನು ನಮ್ಮ ಕಡೆಯ ಜನ ಇಂದಿಗೂ ‘ಪಿ.ಬಿ. ರಸ್ತೆ’ ಎಂದೇ ಕರೆಯುತ್ತಾರೆ. ಸರ್ಕಾರದ ದಫ್ತರಿನಲ್ಲಿ ಅದಕ್ಕೆ ಮೊದಲು 4ನೆಯ ಸಂಖ್ಯೆಯಿತ್ತು, ಈಗ 48ನೆಯದು. ಸಂಖ್ಯೆ ಬದಲಾದರೂ ರಸ್ತೆಯ ಗುಣ ಬದಲಾಗಿಲ್ಲ. 2024ರ ಜೂನ್ 28ರ ಮುಂಜಾವಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸಿನ ಬಳಿ, ನಿಂತಿದ್ದ ಲಾರಿಗೆ ವಾಹನವೊಂದು ಅಪ್ಪಳಿಸಿ ದೇವರ ದರ್ಶನ ಮುಗಿಸಿ ಮರಳುತ್ತಿದ್ದ 13 ಮಂದಿ ಅಸುನೀಗಿದ ದುರಂತವನ್ನು ಈ ಭಾಗದ ಜನ ಮರೆತಿಲ್ಲ.

ಪ್ರಾಣಹಾನಿಯ ಮುಂದೆ ಲೋಹದ ಹಾನಿ ತೃಣಸಮಾನ. ಆದುದರಿಂದಲೇ, ಕಾರು ನುಜ್ಜುಗುಜ್ಜಾದರೂ ಒಳಗಿದ್ದವರು ಪಾರಾದಾಗ ಮನೆಯ ಹಿರಿಯರು, “ಜೀವ ಉಳೀತಲ್ಲೋ ತಮ್ಮಾ, ಗಾಡಿ ಹೋದ್ರ ಹೋತು” ಎಂದು ಸಮಾಧಾನ ಹೇಳುತ್ತಾರೆ. ಮಾತು ನಿಜ. ಆದರೆ ಆಸ್ಪತ್ರೆಯ ಪಟ್ಟಿ ಬಿಚ್ಚಿ ಮನೆಗೆ ಬಂದ ಮೇಲೆ ಎರಡನೆಯ ಅಧ್ಯಾಯವೊಂದು ಆರಂಭವಾಗುತ್ತದೆ. ಅದು ವಿಮಾ ಕಂಪನಿಯೊಡನೆ ನಡೆಯುವ ಕಾಗದದ ಕದನ. ಅಲ್ಲಿ ಸೋಲುವವರಲ್ಲಿ ಬಹುಮಂದಿ ತಮ್ಮ ಹಕ್ಕು ದುರ್ಬಲವಾದುದರಿಂದ ಸೋಲುವುದಿಲ್ಲ. ಆ ಹಕ್ಕು ಎಲ್ಲಿ ಬರೆದಿದೆಯೆಂಬುದನ್ನು ಅರಿಯದೆ ಸೋಲುತ್ತಾರೆ.

ವಿಷಯ ಸ್ಪಷ್ಟವಾಗಲೆಂದು ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ರಾಣೇಬೆನ್ನೂರು ತಾಲ್ಲೂಕಿನಲ್ಲಿ ತುಂಗಭದ್ರೆಯ ದಡದ ಮೇಲಿರುವ, ಕಂಬಳಿಗೂ ಹಳೆಯ ಕೋಟೆಗೂ ಹೆಸರಾದ ಐರಣಿಯ ಗೃಹಸ್ಥರೊಬ್ಬರು ಬ್ಯಾಂಕಿನ ಸಾಲ ಮಾಡಿ ಒಂದು ಕಾರು ಕೊಂಡಿದ್ದಾರೆ. ಅದರ ಪಟ್ಟಿಬೆಲೆ ರೂ. 8,00,000. ಕಾರಿಗೆ ಎರಡು ವರ್ಷ ತುಂಬಿ ಮೂರನೆಯದು ನಡೆಯುತ್ತಿರುವಾಗ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿ ಅದು ಮುದ್ದೆಯಾಗುತ್ತದೆ. ರಿಪೇರಿಗೆ ರೂ. 4,60,000 ಬೇಕೆಂದು ಗ್ಯಾರೇಜಿನವರು ಲೆಕ್ಕ ಕೊಡುತ್ತಾರೆ. ಬ್ಯಾಂಕಿಗೆ ಇನ್ನೂ ರೂ. 4,80,000 ಸಲ್ಲಬೇಕಾಗಿದೆ. ಅಷ್ಟರಲ್ಲಿ ಕಂಪನಿಯ ಪ್ರತಿನಿಧಿಯಿಂದ ದೂರವಾಣಿ ಕರೆ ಬರುತ್ತದೆ: “ಇಂಥ ಹಳೆಯ ಕಾರು ಪೇಟೆಯಲ್ಲಿ ನಾಲ್ಕೂವರೆ ಲಕ್ಷಕ್ಕೆ ಸಿಗುತ್ತದೆ. ಅಷ್ಟಕ್ಕೆ ಒಪ್ಪಿ ಸಹಿ ಮಾಡಿದರೆ ಈ ವಾರವೇ ಹಣ.”

ಈ ಮಾತಿಗೆ ತಲೆಬಾಗಿದರೆ ಆಗುವುದೇನು? ಸಾಲ ಕೊಟ್ಟ ಬ್ಯಾಂಕಿನ ಪಾಲು ಮೊದಲು ಸಂದಾಯವಾಗುತ್ತದೆ. ನಾಲ್ಕೂವರೆ ಲಕ್ಷವೂ ಅಲ್ಲಿಯೇ ಕರಗಿ, ಇಲ್ಲದ ಕಾರಿಗಾಗಿ ಇನ್ನೂ ರೂ. 30,000 ಕಂತು ಕಟ್ಟುವ ಪಾಡು ಆ ಕುಟುಂಬದ್ದಾಗುತ್ತದೆ. ಆದರೆ ಆ ಕಾರಿನ ಬೆಲೆಯನ್ನು ಅಪಘಾತದ ಮರುದಿನ ಪೇಟೆಯಲ್ಲಿ ವಿಚಾರಿಸಬೇಕಾದುದೇ ಇಲ್ಲ. ಪಾಲಿಸಿ ಕೊಟ್ಟ ದಿನವೇ ಅದು ನಿಶ್ಚಯವಾಗಿ ಹೋಗಿತ್ತು.

ಈ ನಿಶ್ಚಯಕ್ಕೊಂದು ಇತಿಹಾಸವಿದೆ. ಸಾಮಾನ್ಯ ವಿಮಾ ವ್ಯವಹಾರ 1973ರ ಜನವರಿ 1ರಿಂದ ರಾಷ್ಟ್ರೀಕೃತವಾಯಿತು. 2000ದಿಂದೀಚೆಗೆ ಖಾಸಗಿ ಕಂಪನಿಗಳಿಗೂ ಬಾಗಿಲು ತೆರೆಯಿತು. ಹಿಂದಿನ ಪಾಲಿಸಿಗಳಲ್ಲಿ ಮಾಲೀಕನು ಅಂದಾಜು ಮಾಡಿದ ಒಂದು ಬೆಲೆಯಿರುತ್ತಿತ್ತು. ಆದರೆ ನಷ್ಟವಾದಾಗ ಆ ಅಂದಾಜು ಮತ್ತು ಪೇಟೆಬೆಲೆಗಳಲ್ಲಿ ಯಾವುದು ಕಡಿಮೆಯೋ ಅದನ್ನೇ ಕೊಡುತ್ತಿದ್ದರು. ಪ್ರೀಮಿಯಂ ದೊಡ್ಡ ಬೆಲೆಯ ಮೇಲೆ, ಪರಿಹಾರ ಸಣ್ಣ ಬೆಲೆಯ ಮೇಲೆ! ‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತಿತ್ತು. 2002ರಲ್ಲಿ ಜಾರಿಗೆ ಬಂದ ಮೋಟಾರು ವಿಮಾ ದರಪಟ್ಟಿ ಈ ಜಗ್ಗಾಟಕ್ಕೆ ತೆರೆ ಎಳೆಯಲೆತ್ನಿಸಿ, ‘ಐ.ಡಿ.ವಿ.’ ಎಂಬ ಮೂರಕ್ಷರದ ಮೌಲ್ಯವನ್ನು ಬಳಕೆಗೆ ತಂದಿತು. ಪಾಲಿಸಿಯ ಆರಂಭದಲ್ಲಿಯೇ ಘೋಷಿಸಿ ಬರೆದ ಬೆಲೆಯೆಂದು ಇದರ ತಾತ್ಪರ್ಯ.

ಅದನ್ನು ಕಂಡುಹಿಡಿಯುವ ಕ್ರಮ ಸರಳ. ಅದೇ ಮಾದರಿಯ ಕಾರಿಗೆ ತಯಾರಕರು ಪ್ರಕಟಿಸಿದ ಪಟ್ಟಿಬೆಲೆಯಿಂದ ಸವಕಳಿಯನ್ನು ಕಳೆಯಬೇಕು. ಆರು ತಿಂಗಳೊಳಗಿನ ಕಾರಿಗೆ ಶೇಕಡಾ 5, ಒಂದು ವರ್ಷದೊಳಗೆ 15, ಎರಡು ವರ್ಷದೊಳಗೆ 20, ಮೂರರೊಳಗೆ 30, ನಾಲ್ಕರೊಳಗೆ 40, ಐದರೊಳಗೆ 50. ಇದು ಆ ದರಪಟ್ಟಿಯ ಕೋಷ್ಟಕ. ಐದು ವರ್ಷ ಮೀರಿದ ವಾಹನಕ್ಕೆ ಕಂಪನಿಯೂ ಮಾಲೀಕನೂ ಮಾತನಾಡಿ ಒಪ್ಪಿದ ಬೆಲೆಯೇ ಬೆಲೆ. ರಸ್ತೆ ತೆರಿಗೆ, ನೋಂದಣಿಯ ಖರ್ಚು ಇದರಲ್ಲಿ ಸೇರುವುದಿಲ್ಲ. ಮಾಲೀಕರು ಇವನ್ನು ಮರೆತು ಹೆಚ್ಚಿನ ಮೊತ್ತವನ್ನು ನಿರೀಕ್ಷಿಸುವುದುಂಟು. 2007ರ ಜನವರಿಯಿಂದ ಪ್ರೀಮಿಯಂ ದರಗಳ ಕಟ್ಟು ಸಡಿಲವಾಯಿತಾದರೂ ಪಾಲಿಸಿಯ ಒಕ್ಕಣೆ ಹಳೆಯ ಜಾಡಿನಲ್ಲಿಯೇ ಮುಂದುವರಿಯಿತು.

ಆ ಒಕ್ಕಣೆಯಲ್ಲಿ ಎರಡು ವಾಕ್ಯಗಳನ್ನು ಪ್ರತಿಯೊಬ್ಬ ಕಾರಿನ ಯಜಮಾನನೂ ಕೆಂಪು ಶಾಯಿಯಿಂದ ಗುರುತು ಮಾಡಿಕೊಳ್ಳಬೇಕು. ಮೊದಲನೆಯದು: ಪಾಲಿಸಿಯ ಷರತ್ತುಗಳಿಗೆ ಒಳಪಟ್ಟು, ಕಾರನ್ನು ಎತ್ತಿ ತರುವ ಖರ್ಚು ಮತ್ತು ರಿಪೇರಿಯ ಖರ್ಚು ಸೇರಿ ಐ.ಡಿ.ವಿ.ಯ ಶೇಕಡಾ 75ನ್ನು ಮೀರಿದರೆ, ಆ ವಾಹನವನ್ನು ಪೂರ್ಣನಷ್ಟವೆಂದು ಪರಿಗಣಿಸತಕ್ಕದ್ದು. ಎರಡನೆಯದು: ಪೂರ್ಣನಷ್ಟದ ಸಂದರ್ಭದಲ್ಲಿ ಪಾಲಿಸಿಯ ಅವಧಿಯುದ್ದಕ್ಕೂ ಐ.ಡಿ.ವಿ.ಯೇ ಪೇಟೆಬೆಲೆ, ಅದರ ಮೇಲೆ ಮತ್ತೆ ಸವಕಳಿ ಹಿಡಿಯತಕ್ಕದ್ದಲ್ಲ.

ಐರಣಿಯ ನಮ್ಮ ಗೃಹಸ್ಥರ ಲೆಕ್ಕವನ್ನು ಈಗ ಹಾಕೋಣ. ಎಂಟು ಲಕ್ಷದಲ್ಲಿ ಶೇಕಡಾ 30 ಕಳೆದರೆ ಐ.ಡಿ.ವಿ. ರೂ. 5,60,000. ಅದರ ಶೇಕಡಾ 75 ಎಂದರೆ ರೂ. 4,20,000. ಸರ್ವೇಯರರು ಅಂಗೀಕರಿಸಿದ ರಿಪೇರಿಯ ಮೊತ್ತ ಇದನ್ನು ಮೀರಿದರೆ ಇದು ಪೂರ್ಣನಷ್ಟವೇ ಸರಿ. ಸಣ್ಣ ಕಾರಿಗೆ ಮಾಲೀಕನೇ ಹೊರಬೇಕಾದ ರೂ. 1,000ವನ್ನು ಕಳೆದು ರೂ. 5,59,000 ಬರಬೇಕು. ಸಾಲ ತೀರಿ ರೂ. 79,000 ಕೈಯಲ್ಲಿ ಉಳಿಯುತ್ತದೆ. ದೂರವಾಣಿಯಲ್ಲಿ ಒಪ್ಪಿಬಿಡುವುದಕ್ಕೂ, ಪಾಲಿಸಿಯನ್ನು ಓದಿ ಉತ್ತರಿಸುವುದಕ್ಕೂ ಇರುವ ಅಂತರ ರೂ. 1,09,000!

ಈ ನ್ಯಾಯವನ್ನು ಸರ್ವೋಚ್ಚ ನ್ಯಾಯಾಲಯವೂ ಎತ್ತಿಹಿಡಿದಿದೆ. ಓರಿಯೆಂಟಲ್ ಇನ್ಷೂರೆನ್ಸ್ ಕಂಪನಿಯ ಮೇಲಿನ ಒಂದು ಮೊಕದ್ದಮೆಯಲ್ಲಿ, ಪಾಲಿಸಿ ನವೀಕರಿಸುವಾಗ ತಾನೇ ಒಪ್ಪಿ ಬರೆದ ಬೆಲೆಯನ್ನು ಪರಿಹಾರ ಕೊಡುವ ಹೊತ್ತಿಗೆ ಅಲ್ಲಗಳೆಯಲು ಕಂಪನಿಗೆ ಬಾರದೆಂದು ಅದು 2008ರಲ್ಲಿ ತೀರ್ಪಿತ್ತಿತು. ಮರುವರ್ಷ, ನ್ಯೂ ಇಂಡಿಯಾ ಅಶ್ಯೂರೆನ್ಸ್ ಕಂಪನಿಯ ಮೊಕದ್ದಮೆಯಲ್ಲಿ, ಸರ್ವೇಯರರ ವರದಿ ಪರಿಹಾರಕ್ಕೆ ಆಧಾರವಾಗಬಹುದಾದರೂ ಅದೇ ಕಟ್ಟಕಡೆಯ ಮಾತಲ್ಲವೆಂದು ಸಾರಿತು. ಸರ್ವೇಯರರು ಕಾನೂನು ಬಲ್ಲ, ಪರವಾನಗಿ ಪಡೆದ ತಜ್ಞರು. ಅವರ ಮಾತಿಗೆ ಗೌರವವುಂಟು. ಆದರೆ ಅವರ ಲೆಕ್ಕದಲ್ಲಿ ದೋಷವಿದ್ದರೆ ತಕ್ಕ ಪುರಾವೆಯೊಡನೆ ಪ್ರಶ್ನಿಸುವ ದಾರಿ ತೆರೆದೇ ಇದೆ.

ಬೆಲೆಯನ್ನು ನೇರವಾಗಿ ಇಳಿಸಲಾಗದಾಗ ಮೊತ್ತ ಸಣ್ಣದಾಗುವ ಇನ್ನೆರಡು ಒಳದಾರಿಗಳಿವೆ. ಒಂದು, ರಿಪೇರಿಯ ಲೆಕ್ಕವನ್ನೇ ಶೇಕಡಾ 75ರ ಗೆರೆಯ ಕೆಳಗೆ ಇಳಿಸುವುದು. ಆಗ ಪೂರ್ಣನಷ್ಟದ ಮಾತೇ ಬಾರದು. ರಬ್ಬರು, ಪ್ಲಾಸ್ಟಿಕ್ಕು, ಬ್ಯಾಟರಿಗಳ ಮೇಲೆ ಶೇಕಡಾ 50ರಷ್ಟು ಸವಕಳಿ ಹಿಡಿದು ಉಳಿದುದನ್ನಷ್ಟೇ ಕೊಡುತ್ತಾರೆ. ಯಾವ ಬಿಡಿಭಾಗವನ್ನು ಏಕೆ ಕೈಬಿಟ್ಟರೆಂಬುದು ವರದಿಯಲ್ಲಿಯೇ ತಿಳಿಯುವುದರಿಂದ ಅದರ ಪ್ರತಿಯನ್ನು ಬರಹದಲ್ಲಿ ಕೇಳಿ ಪಡೆಯಬೇಕು. ಕಾರನ್ನು ಬಿಚ್ಚಿದ ಮೇಲೆ ಕಂಡುಬರುವ ಒಳಪೆಟ್ಟುಗಳಿಗೆ ಮರುಪರೀಕ್ಷೆ ಕೋರಬೇಕು.

ಇನ್ನೊಂದು, ಗುಜರಿಯ ಬೆಲೆ. “ಮುರಿದ ಕಾರು ನಿಮಗೇ ಇರಲಿ, ಅದರ ಬೆಲೆ ರೂ. 1,40,000 ಮುರಿದುಕೊಂಡು ಉಳಿದುದನ್ನು ಕೊಡುತ್ತೇವೆ” ಎಂದು ಕಂಪನಿ ಹೇಳಬಹುದು. ಆದರೆ ಗುಜರಿಯವನು ಬಂದು ನೋಡಿ ತೊಂಬತ್ತು ಸಾವಿರಕ್ಕಿಂತ ಒಂದು ಕಾಸು ಹೆಚ್ಚಿಗೆ ಇಲ್ಲವೆಂದರೆ ಐವತ್ತು ಸಾವಿರದ ಪೆಟ್ಟು ಮಾಲೀಕನಿಗೆ. ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ರಾಶಿಗೆ ಟೆಂಡರು ಬರೆದವನೇ ಆ ದರಕ್ಕೆ ಮಾಲು ಎತ್ತಬೇಕು. ಬೇರೆಯವನ ಚೀಲಕ್ಕೆ ದರ ಬರೆದು ನಡೆದುಬಿಡುವಂತಿಲ್ಲ. ಇಲ್ಲಿಯೂ ಅದೇ ನ್ಯಾಯ. ಆ ಬೆಲೆ ಕೊಡುವ ಖರೀದಿದಾರ ಯಾರು, ಅವನ ಲಿಖಿತ ಒಪ್ಪಿಗೆ ಎಲ್ಲಿ ಎಂದು ಕೇಳಬೇಕು. ಇಲ್ಲವೆ ಗುಜರಿಯನ್ನು ಕಂಪನಿಯೇ ತೆಗೆದುಕೊಂಡು ಪೂರ್ಣ ಮೊತ್ತ ಕೊಡಲಿ ಎನ್ನಬೇಕು.

ಗುಜರಿಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಅವಶ್ಯ. 1988ರ ಮೋಟಾರು ವಾಹನ ಕಾಯ್ದೆಯ 55ನೆಯ ಕಲಮಿನಂತೆ, ವಾಹನವು ನಾಶವಾದರೆ ಅಥವಾ ಶಾಶ್ವತವಾಗಿ ನಿರುಪಯುಕ್ತವಾದರೆ ಮಾಲೀಕನು 14 ದಿನಗಳೊಳಗೆ ಅಥವಾ ಆದಷ್ಟು ಬೇಗ ನೋಂದಣಿ ಅಧಿಕಾರಿಗೆ ತಿಳಿಸತಕ್ಕದ್ದು. ನೋಂದಣಿಯನ್ನು ರದ್ದುಪಡಿಸದೆ ಗುಜರಿಯನ್ನೂ ಕಾಗದಪತ್ರಗಳನ್ನೂ ಒಟ್ಟಿಗೆ ಮಾರಿದರೆ, ಎಲ್ಲಿಯೋ ಕದ್ದ ಕಾರಿಗೆ ನಿಮ್ಮ ಕಾರಿನ ಸಂಖ್ಯೆ ಅಂಟಿಕೊಂಡು ಪೊಲೀಸರು ನಿಮ್ಮ ಮನೆಯ ಬಾಗಿಲು ತಟ್ಟುವ ಸಂಭವವುಂಟು.

ಹಾಗಾದರೆ ಕಂಪನಿ ಒಪ್ಪದಿದ್ದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಬಾಯಿಮಾತನ್ನು ಬಿಟ್ಟು ಬರಹಕ್ಕೆ ಬರಬೇಕು. ಐ.ಡಿ.ವಿ. ಎಷ್ಟು, ಕೊಡುತ್ತಿರುವುದೆಷ್ಟು, ಕಡಿತಕ್ಕೆ ಪಾಲಿಸಿಯ ಯಾವ ಷರತ್ತು ಆಧಾರ ಎಂದು ಮೂರೇ ಪ್ರಶ್ನೆಗಳ ಪತ್ರವನ್ನು ಕಂಪನಿಯ ದೂರು ವಿಭಾಗಕ್ಕೆ ಕಳಿಸಬೇಕು. ಕೋಪದ ಹತ್ತು ಪುಟಗಳಿಗಿಂತ ಲೆಕ್ಕದ ಒಂದು ಪುಟಕ್ಕೆ ಬಲ ಹೆಚ್ಚು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದರೂ ಸಮಾಧಾನಕರವಲ್ಲದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ನರಿಗೆ ಒಂದು ವರ್ಷದೊಳಗೆ ದೂರು ಸಲ್ಲಿಸಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ಅವರು ಕೊಡುವ ನಿರ್ಣಯಕ್ಕೆ ಕಂಪನಿ ಬದ್ಧವಾಗಿರಬೇಕು. ದೂರುದಾರನಿಗೆ ಅದು ರುಚಿಸದಿದ್ದರೆ ಬೇರೆ ದಾರಿ ಹಿಡಿಯಬಹುದು.

ಆ ಬೇರೆ ದಾರಿಯೇ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಜಾರಿಗೆ ಬಂದಂದಿನಿಂದ ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದಾವೆ ಹೂಡಬಹುದು. ಕಂಪನಿಯ ಮುಖ್ಯ ಕಚೇರಿ ಮುಂಬಯಿಯಲ್ಲಿದ್ದರೇನು, ಐರಣಿಯವರಿಗೆ ಹಾವೇರಿಯೇ ಸಾಕು. ವ್ಯಾಜ್ಯಕಾರಣ ಉಂಟಾದ ಎರಡು ವರ್ಷಗಳೊಳಗೆ ದೂರು ದಾಖಲಾಗಬೇಕೆಂಬುದನ್ನು ಮಾತ್ರ ಮರೆಯತಕ್ಕದ್ದಲ್ಲ. ಆಯೋಗದಲ್ಲಿ ಪ್ರಕರಣ ನಡೆಯುತ್ತಿರುವಾಗ ಅದೇ ವಿಷಯವನ್ನು ಒಂಬುಡ್ಸ್‌ಮನ್ನರ ಮುಂದಿಡಲು ಬರುವುದಿಲ್ಲ. ಆದುದರಿಂದ ಖರ್ಚಿಲ್ಲದ ದಾರಿಯನ್ನು ಮೊದಲು ಹಿಡಿಯುವುದು ಜಾಣತನ.

ಈ ನಡುವೆ ಮಧ್ಯಮ ವರ್ಗದ ಕುಟುಂಬವನ್ನು ನಿಜಕ್ಕೂ ಮಣಿಸುವುದು ಕಾಲ. ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಗ್ಯಾರೇಜಿನವರು ಮುರಿದ ಕಾರು ನಿಂತ ಜಾಗಕ್ಕೆ ದಿನಬಾಡಿಗೆ ಎಣಿಸತೊಡಗುತ್ತಾರೆ. ಅಂಥ ವೇಳೆಯಲ್ಲಿ ‘ಪೂರ್ಣ ಮತ್ತು ಅಂತಿಮ ಇತ್ಯರ್ಥ’ ಎಂದು ಅಚ್ಚಾದ ರಸೀತಿಯನ್ನು ಮುಂದಿಟ್ಟರೆ ಸಹಿ ಹಾಕದಿರುವುದು ಕಷ್ಟ. ಒತ್ತಾಯದಿಂದಲೋ ವಂಚನೆಯಿಂದಲೋ ಪಡೆದ ಸಹಿಯೆಂದು ಸಿದ್ಧಪಡಿಸಿದರೆ ಹಕ್ಕು ನಾಶವಾಗದೆಂದು ಸರ್ವೋಚ್ಚ ನ್ಯಾಯಾಲಯ 1999ರಲ್ಲಿಯೇ ಹೇಳಿದೆ. ಆದರೆ ಒತ್ತಾಯವನ್ನು ಸಿದ್ಧಪಡಿಸುವ ಹೊಣೆ ಸಹಿ ಹಾಕಿದವನದೇ. ಹಣ ಅನಿವಾರ್ಯವಾದರೆ, ಸಹಿಯ ಮೇಲೆಯೇ ‘ಆಕ್ಷೇಪಣೆಯೊಡನೆ ಸ್ವೀಕರಿಸಿದ್ದೇನೆ’ ಎಂದು ಕೈಯಾರೆ ಬರೆದು, ಅಂದೇ ಅದರ ಪ್ರತಿಯೊಡನೆ ಕಂಪನಿಗೆ ಪತ್ರ ಹಾಕುವುದು ಲೇಸು.

ಇಷ್ಟಾಗಿಯೂ ಯಜಮಾನನ ಕರ್ತವ್ಯಗಳು ಕೆಲವುಂಟು. ಚಾಲಕನಲ್ಲಿ ಊರ್ಜಿತವಾದ ಪರವಾನಗಿ ಇರಬೇಕು. ಕಂಪನಿಗೆ ತಡವಿಲ್ಲದೆ ತಿಳಿಸಬೇಕು. ಎಲ್ಲಕ್ಕೂ ಮೊದಲು, ತನ್ನಲ್ಲಿರುವುದು ಎಂಥ ಪಾಲಿಸಿ ಎಂಬುದನ್ನು ಅರಿತಿರಬೇಕು. ಕಾನೂನು ಕಡ್ಡಾಯ ಮಾಡಿರುವುದು ಇತರರಿಗಾಗುವ ಹಾನಿಯ ವಿಮೆಯನ್ನು ಮಾತ್ರ. ಅದರಿಂದ ತನ್ನ ಕಾರಿಗೆ ಕವಡೆಯೂ ಬಾರದು. 2024ರ ಮಾರ್ಚ್ 11ರಂದು ಮೆಣಸಿನಕಾಯಿಯ ಬೆಲೆ ಕುಸಿದು ಕೆರಳಿದ ಗುಂಪು ಬ್ಯಾಡಗಿಯ ಮಾರುಕಟ್ಟೆಯಲ್ಲಿ ವಾಹನಗಳಿಗೆ ಬೆಂಕಿಯಿಟ್ಟಿತು. ಅಂಥ ದೊಂಬಿಯ ಬೆಂಕಿಗಾಗಲಿ, ತುಂಗಭದ್ರೆಯ ನೆರೆಗಾಗಲಿ ಪರಿಹಾರ ದೊರೆಯುವುದು ಸ್ವಂತ ವಾಹನದ ಹಾನಿಗೂ ವಿಮೆ ಇಳಿಸಿದವರಿಗೆ.

ನವೀಕರಣದ ಸಮಯದಲ್ಲಿ ಕೆಲವು ನೂರು ರೂಪಾಯಿ ಉಳಿಸುವ ಆಸೆಯಿಂದ ಐ.ಡಿ.ವಿ.ಯನ್ನು ತಗ್ಗಿಸಿಕೊಳ್ಳುವವರು ಬಹಳ. ಅವರು ತಮ್ಮ ಕಾರಿನ ಬೆಲೆಯನ್ನು ತಾವೇ ಇಳಿಸಿಕೊಂಡಂತಾಯಿತು. ಅಪಘಾತವಾದ ಮೇಲೆ ಯಾವ ಆಯೋಗವೂ ಅದನ್ನು ಏರಿಸಲಾರದು. ಊರು ಸೂರೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿ ಫಲವಿಲ್ಲ. ಕಪಾಟಿನಲ್ಲಿ ಮಡಿಚಿಟ್ಟ ಪಾಲಿಸಿಯನ್ನು ಇಂದೇ ಹೊರತೆಗೆದು, ಮನೆಯವರೆಲ್ಲ ಕುಳಿತು, ಐ.ಡಿ.ವಿ. ಎಂದಿರುವೆಡೆಯ ಅಂಕಿಯನ್ನೊಮ್ಮೆ ಓದಿನೋಡಿ. ದುರ್ದಿನವೊಂದು ಬಂದಲ್ಲಿ ಕಂಪನಿ ನಿಮಗೆ ಕೊಟ್ಟ ಮಾತೆಂಬುದು ಅದೇ.